ಪಿಸ್ತೂಲು, ರಿವಾಲ್ವರ್‌ಗೆ ಲೇಸರ್ ಸೈಟ್: ಕೊಳ್ಳುವ ಮುಂಚಿನ ಓದು

ದಾವಣಗೆರೆ, ಚಿತ್ರದುರ್ಗದ ಕಡೆ ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದು ಕೈಬಂದೂಕು ಕಲಿಯುತ್ತಿರುವವರಿಗೆ ಲೇಸರ್ ಸೈಟ್, ಅಂದರೆ ಬಂದೂಕಿಗೆ ಕಟ್ಟಿ ಗುರಿಯ ಮೇಲೆ ಬೆಳಕಿನ ಚುಕ್ಕಿ ಬೀಳಿಸುವ ಸಾಧನದ ಬಗ್ಗೆ ಈ ಟಿಪ್ಪಣಿ. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಗೆ ತಯಾರಾಗುವವರಿಗೆ ಇದು ಬೇಕಾಗುವುದಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದ ಪ್ರಕಾರ ಅಲ್ಲಿ ತೆರೆದ ಸೈಟ್ (ಬಂದೂಕಿನ ಮೇಲಿನ ಸಾದಾ ಲೋಹದ ಗುರಿಗುರುತು) ಮಾತ್ರ, ಲೇಸರ್ ಕಟ್ಟಿದರೆ ಪರಿಶೀಲನೆಯಲ್ಲೇ ಹೊರಗೆ.

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ "ಕೆಂಪೋ ಹಸಿರೋ?" ಅದು ಎರಡನೆಯದಾಗಬೇಕು. ಮೊದಲನೆಯದು, ನಿಮ್ಮ ಬಂದೂಕಿನಲ್ಲಿ ಲೇಸರ್ ಕೂರಲು ಗಟ್ಟಿ ಜಾಗ ಎಲ್ಲಿದೆ ಎಂಬುದು.

ನಳಿಗೆಯ ಕೆಳಗೆ ರೈಲ್ (ಸಾಧನ ಕೂರಿಸುವ ಗಾಡಿಪಟ್ಟಿ) ಇರುವ ಪಿಸ್ತೂಲಾದರೆ ಕೆಲಸ ಸುಲಭ, ಆದರೆ ಹಳೆಯ ಹೋಲ್‌ಸ್ಟರ್ (ಬಂದೂಕಿನ ಒರೆ) ಕೆಲಸಕ್ಕೆ ಬಾರದು. ಲೇಸರ್ ಸಮೇತ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಪೂರ್ತಿ ಮುಚ್ಚುವ ಹೋಲ್‌ಸ್ಟರ್‌ನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ. ಹಿಡಿಕೆಯೊಳಗೆ ಕೂರುವ ಲೇಸರ್‌ನಲ್ಲಿ ಸ್ವಿಚ್ ಬೆರಳಡಿಯಲ್ಲೇ ಇರುವುದರಿಂದ, ಹಿಡಿದ ತಕ್ಷಣ ಬೆಳಕು. ಇದರ ತೊಂದರೆ ಏನೆಂದರೆ, ಬಲಗೈ ತೋರುಬೆರಳನ್ನು ಫ್ರೇಮಿನ (ಬಂದೂಕಿನ ಮೈಚೌಕಟ್ಟಿನ) ಪಕ್ಕ ಚಾಚಿದಾಗ ಅದೇ ಬೆರಳು ಕಿರಣಕ್ಕೆ ಅಡ್ಡ ಬರಬಹುದು. ಪಿಸ್ತೂಲಿನೊಳಗಿನ ಸ್ಪ್ರಿಂಗ್ ಹಿಡಿದಿಡುವ ಸರಳಿನ (ಗೈಡ್ ರಾಡ್) ಬದಲಿಗೆ ಹಾಕುವ ಲೇಸರ್ ಆಯಾ ಮಾಡೆಲ್‌ಗೆ ಮಾತ್ರ ಹೊಂದುತ್ತದೆ. ರಿವಾಲ್ವರ್‌ಗೆ ಅದರ ಮಾತೇ ಇಲ್ಲ.

ನಮ್ಮಲ್ಲಿ ಲೈಸೆನ್ಸ್‌ದಾರರ ಬಳಿ ಹೆಚ್ಚು ಕಾಣುವ ಆರ್ಡ್‌ನೆನ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವೆಬ್ಲಿ ಮಾದರಿಯ ಈ ರಿವಾಲ್ವರ್‌ನಲ್ಲಿ ಗುಂಡು ತುಂಬಲು ನಳಿಗೆ, ಸಿಲಿಂಡರ್ ಎರಡೂ ಮುಂದಕ್ಕೆ ಮಡಚಿಕೊಳ್ಳುತ್ತವೆ. 2014ರ ನಿರ್ಭೀಕ್ ರಿವಾಲ್ವರ್ ಕೂಡ ಹೀಗೇ. ರೈಲ್ ಇಲ್ಲದ್ದರಿಂದ ಹಲವರು ಟ್ರಿಗರ್ ಗಾರ್ಡಿಗೆ ಕ್ಲಾಂಪ್ ಹಾಕಿಸುತ್ತಾರೆ. ಗಾರ್ಡ್ ಇರುವುದು ಫ್ರೇಮಿನಲ್ಲಿ, ನಳಿಗೆ ಇರುವುದು ಕೀಲಿನಾಚೆ. ಕೊಂಡಿ ಸವೆದು ಅರ್ಧ ಮಿಲಿಮೀಟರ್ ಆಡಿದರೂ ಎರಡರ ದಿಕ್ಕು ಬೇರೆಯಾಗುತ್ತದೆ, ಎಷ್ಟು ಸಲ ಹೊಂದಿಸಿದರೂ ಚುಕ್ಕಿ ಸುಳ್ಳು ಹೇಳುತ್ತದೆ. ಕೊಳ್ಳುವ ಮುಂಚೆ ಬಂದೂಕು ಖಾಲಿ ಮಾಡಿ, ನಳಿಗೆ ಹಿಡಿದು ಮೇಲೆ-ಕೆಳಗೆ ಅಲುಗಿಸಿ ನೋಡಿ. ಆಡುತ್ತಿದ್ದರೆ ಲೇಸರ್‌ಗಿಂತ ಮುಂಚೆ ಲೈಸೆನ್ಸ್ ಇರುವ ಗನ್ ರಿಪೇರಿಯವರ ಹತ್ತಿರ ಹೋಗಬೇಕು. ಸಿಲಿಂಡರ್ ಪಕ್ಕಕ್ಕೆ ತೆರೆಯುವ ಪ್ರಬಲ್ ರಿವಾಲ್ವರ್‌ಗೆ (2023) ಈ ಕಷ್ಟವಿಲ್ಲ. ಯಾವುದೇ ರಿವಾಲ್ವರ್ ಇರಲಿ, ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಚಿಮ್ಮುವ ಮಸಿ ಹತ್ತಿರದ ಲೆನ್ಸ್ ಮೇಲೆ ಕೂರುತ್ತದೆ. ಲೆನ್ಸ್ ಆ ಸಂದಿಯಿಂದ ದೂರವಿರುವ ಮಾದರಿ ಆರಿಸಿ.

ಈಗ ಬಣ್ಣ. ಹಗಲಲ್ಲಿ ಕಣ್ಣಿಗೆ ಅತಿ ಪ್ರಖರವಾಗಿ ಕಾಣುವುದು 555 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಬೆಳಕು (ಬೆಳಕಿನ ಬಣ್ಣ ಈ ಅಳತೆಯಿಂದ ಗೊತ್ತಾಗುತ್ತದೆ). ಅದೇ ಶಕ್ತಿಯಲ್ಲಿ 520 ನ್ಯಾನೋಮೀಟರ್ ಹಸಿರು, 650ರ ಕೆಂಪಿಗಿಂತ ಆರು ಪಟ್ಟಿಗೂ ಹೆಚ್ಚು ಪ್ರಖರ. 635ರ ಕೆಂಪಿಗೆ ಹೋಲಿಸಿದರೆ ಸುಮಾರು ಮೂರು ಪಟ್ಟು. ಆದ್ದರಿಂದ ಕೆಂಪು ಕೊಳ್ಳುವುದಾದರೆ 635 ಎಂದು ಬರೆದದ್ದನ್ನೇ ಕೇಳಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ, ಅದರಲ್ಲೂ ಎರೆ ಮಣ್ಣಿನ ಮೇಲೆ, ಕೆಂಪು ಚುಕ್ಕಿ ಕೆಲವೇ ಮೀಟರಿಗೆ ಕಳೆದುಹೋಗುತ್ತದೆ. ಕೆಂಪು ಮಣ್ಣು ಕೆಂಪು ಬೆಳಕನ್ನು ಚೆನ್ನಾಗಿ ಹಿಂತಿರುಗಿಸುತ್ತದೆ, ಹೊಳಲ್ಕೆರೆ ಕಡೆಯ ನೆಲದಲ್ಲಿ ಎರಡೂ ಬಣ್ಣದ ಅಂತರ ಅಷ್ಟು ದೊಡ್ಡದಾಗಿ ಕಾಣದು. ಮನೆಯೊಳಗೆ, ರಾತ್ರಿ, ಯಾವುದಾದರೂ ಸಾಕು.

ಹಸಿರಲ್ಲಿ ಎರಡು ಜಾತಿ. ಹಳೆಯ 532 ನ್ಯಾನೋಮೀಟರಿನದು 808ರ ಅವಗೆಂಪು ಡಯೋಡಿನಿಂದ ಹರಳನ್ನು ಪ್ರಚೋದಿಸಿ 1064ರ ಬೆಳಕು ಹುಟ್ಟಿಸಿ, ಇನ್ನೊಂದು ಹರಳಿನಲ್ಲಿ ಅದರ ತರಂಗಾಂತರವನ್ನು ಅರ್ಧಕ್ಕಿಳಿಸುತ್ತದೆ. ಚಳಿಗೆ ಮಂಕಾಗುತ್ತದೆ, ಬ್ಯಾಟರಿ ಬೇಗ ತಿನ್ನುತ್ತದೆ. ಅಗ್ಗದ್ದರಲ್ಲಿ ಫಿಲ್ಟರ್ ಇಲ್ಲದೆ, ಕಣ್ಣಿಗೆ ಕಾಣದ ಅವಗೆಂಪು ಕಿರಣವೂ ಹೊರಬೀಳುತ್ತದೆ. ಕಾಣದ್ದರಿಂದಲೇ ರೆಪ್ಪೆ ಮುಚ್ಚುವುದಿಲ್ಲ, ಅಪಾಯ ಹೆಚ್ಚು. 520ರ ನೇರ ಡಯೋಡಿಗೆ ಈ ರಗಳೆ ಇಲ್ಲ. ಶಕ್ತಿ 5 ಮಿಲಿವ್ಯಾಟ್ ಒಳಗೆ, ಲೇಸರ್ ಸುರಕ್ಷತೆಯ ವರ್ಗ 3ಆರ್ ಎಂದಿರಲಿ. "50 ಮಿಲಿವ್ಯಾಟ್" ಎಂದು ಹೆಮ್ಮೆಯಿಂದ ಮಾರುವ ಆನ್‌ಲೈನ್ ಮಾಲನ್ನು ಮುಟ್ಟಬೇಡಿ, ಗೋಡೆಯ ಕನ್ನಡಿಯಿಂದ ಹಿಂತಿರುಗಿದರೂ ಕಣ್ಣು ಹೋದೀತು.

ಹೊಂದಿಸುವುದರಲ್ಲೇ ಹೆಚ್ಚು ಜನ ಎಡವುತ್ತಾರೆ. ಲೇಸರ್ ನಳಿಗೆಯ ಮಧ್ಯಕ್ಕಿಂತ 3 ಸೆಂ.ಮೀ. ಕೆಳಗಿದೆ, ಗುಂಡಿನ ವೇಗ ಸೆಕೆಂಡಿಗೆ 230 ಮೀಟರ್ ಎಂದುಕೊಳ್ಳಿ. 10 ಮೀಟರಿನಲ್ಲಿ ಚುಕ್ಕಿ, ಗುಂಡು ಒಂದೇ ಕಡೆ ಸೇರುವಂತೆ ಹೊಂದಿಸಿದರೆ, 5 ಮೀಟರಿನಲ್ಲಿ ಗುಂಡು ಚುಕ್ಕಿಗಿಂತ ಸುಮಾರು 1.7 ಸೆಂ.ಮೀ. ಮೇಲೆ, 20 ಮೀಟರಿನಲ್ಲಿ ಸುಮಾರು 5 ಸೆಂ.ಮೀ. ಕೆಳಗೆ ಬೀಳುತ್ತದೆ. ಕಿರಣವನ್ನು ನಳಿಗೆಗೆ ಸಮಾನಾಂತರವಾಗಿಟ್ಟರೆ 10 ಮೀಟರಿನಲ್ಲಿ ಗುಂಡು 2 ಸೆಂ.ಮೀ. ಮೇಲೆ, 20ರಲ್ಲಿ ಹೆಚ್ಚುಕಡಿಮೆ ಚುಕ್ಕಿ ಇದ್ದ ಕಡೆಯೇ. ಸಮಾನಾಂತರವೇ ಮೇಲು ಎಂಬುದು ನಮ್ಮ ಅಭಿಪ್ರಾಯ: 20 ಮೀಟರಿನೊಳಗೆ ದೂರ ಬದಲಾದರೂ ವ್ಯತ್ಯಾಸ 3 ಸೆಂ.ಮೀ. ದಾಟುವುದಿಲ್ಲ.

ಮಾಡುವ ಕ್ರಮ ಹೀಗೆ. ಬಂದೂಕು ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಕಬ್ಬಿಣದ ಸೈಟ್ ಮೂಲಕ ಗುರಿ ಹಿಡಿದು, ಚಿಕ್ಕ ಅಲೆನ್ ಕೀಯಿಂದ ಲೇಸರ್‌ನ ಸ್ಕ್ರೂ ತಿರುಗಿಸಿ ಚುಕ್ಕಿಯನ್ನು ಮುಂದಿನ ಸೈಟಿನ ತುದಿಯ ಹತ್ತಿರ ತನ್ನಿ. ನಂತರ ಅನುಮತಿ ಇರುವ ರೇಂಜಿನಲ್ಲಿ, ಮರಳು ಚೀಲದ ಮೇಲೆ ಕೈಯಿಟ್ಟು, 10 ಮೀಟರಿಗೆ ಐದು ಗುಂಡು. ಒಂದೊಂದು ಗುಂಡಿಗೂ ಸ್ಕ್ರೂ ತಿರುಗಿಸಬೇಡಿ. ಐದರ ಮಧ್ಯಬಿಂದು ನೋಡಿ, ಅದು ಚುಕ್ಕಿಗಿಂತ (ಮೇಲಿನ ಲೆಕ್ಕದಂತೆ) 2 ಸೆಂ.ಮೀ. ಮೇಲೆ ಬರುವಂತೆ ಒಮ್ಮೆ ತಿರುಗಿಸಿ. ಲೈಸೆನ್ಸಿನ ಗುಂಡುಗಳ ಮಿತಿಯೂ ಹೀಗೆ ಉಳಿಯುತ್ತದೆ. ಲೇಸರ್ ಹಿಡಿದಿಡುವ ಮೌಂಟಿನ ಸ್ಕ್ರೂಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಕೆಂಪು ಲಾಕರ್ ಹಾಕಿದರೆ ಬಿಚ್ಚಲು ಕಾಯಿಸಬೇಕಾಗುತ್ತದೆ.

ಲೇಸರ್‌ನ ನಿಜವಾದ ಲಾಭ ಇರುವುದು ಗುಂಡಿಲ್ಲದ ಅಭ್ಯಾಸದಲ್ಲಿ. ಟ್ರಿಗರ್ ಎಳೆಯುವಾಗ ಚುಕ್ಕಿ ಕೆಳಗೆ-ಎಡಕ್ಕೆ ಹಾರಿದರೆ, ಬಲಗೈಯವರು ಬೆರಳಿನ ಬದಲು ಇಡೀ ಮುಷ್ಟಿ ಬಿಗಿಯುತ್ತಿದ್ದಾರೆ ಎಂದರ್ಥ. .22 ಬಂದೂಕಿನಲ್ಲಿ ಖಾಲಿ ಹೊಡೆತಕ್ಕೆ ಫೈರಿಂಗ್ ಪಿನ್ (ತೋಟಾಗೆ ಬಡಿಯುವ ಮೊಳೆ) ತೋಟಾ ಕೂರುವ ಚೇಂಬರಿನ ಅಂಚಿಗೆ ಬಡಿದು ಕೆಡುವ ಸಾಧ್ಯತೆ ಇದೆ, ಡಮ್ಮಿ ತೋಟಾ ಹಾಕಿಕೊಳ್ಳಿ.

ಬ್ಯಾಟರಿ ವಿಷಯಕ್ಕೆ ಒಂದು ಊರಿನ ಮಾತು. ಚುನಾವಣೆ ಬಂತೆಂದರೆ ಲೈಸೆನ್ಸ್ ಬಂದೂಕುಗಳನ್ನು ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಎಲ್‌ಆರ್44ರಂಥ ಆಲ್ಕಲೈನ್ ಗುಂಡಿ ಬ್ಯಾಟರಿಗಳು ಸೋರಿ ಸಂಪರ್ಕದ ತಗಡನ್ನು ತಿಂದುಬಿಡುತ್ತವೆ. ಒಪ್ಪಿಸುವ ಮುಂಚೆ ಬ್ಯಾಟರಿ ತೆಗೆದು, ಸಾಧ್ಯವಾದರೆ ಲೇಸರನ್ನೇ ಬಿಚ್ಚಿ ಮನೆಯಲ್ಲಿಡಿ. ವಾಪಸ್ ತಂದ ಮೇಲೆ ಮತ್ತೆ ಐದು ಗುಂಡು ಹೊಡೆದು ಹೊಂದಿಕೆ ಪರೀಕ್ಷಿಸಿ.