ಅಡೆಲ್ ಅವತ್ತು ಶ್ರುತಿ ತಪ್ಪಿದ್ದರಾ? ಮಿಕ್ಸರ್ ಹಿಂದೆ ನಿಂತವನ ಉತ್ತರ

2024ರ ಫೆಬ್ರವರಿ 5, ಸೋಮವಾರ. ಬೆಳಿಗ್ಗೆ ಆರೂವರೆ. ಹಿಂದಿನ ರಾತ್ರಿ ಒಂದು ಆರತಕ್ಷತೆಯ ಆರ್ಕೆಸ್ಟ್ರಾಗೆ ಸೌಂಡ್ ಮಾಡಿ, ಸ್ಪೀಕರು, ಕೇಬಲ್ಲು ಎಲ್ಲ ಗಾಡಿಗೆ ತುಂಬಿ ಮನೆಗೆ ಬಂದಾಗ ಎರಡು ಗಂಟೆಯಾಗಿತ್ತು. ಆದರೂ ಎದ್ದು ಟೀವಿ ಮುಂದೆ ಕೂತೆ. ಲಾಸ್ ಏಂಜಲೀಸ್‌ನಲ್ಲಿ ಆಗ ಭಾನುವಾರ ಸಂಜೆ ಐದು. ಅಮೆರಿಕದ ಸಂಗೀತ ಪ್ರಶಸ್ತಿ ಗ್ರಾಮಿಯ ಸಮಾರಂಭ ಶುರುವಾಗುವ ಹೊತ್ತು.

ಪ್ರಶಸ್ತಿ ಯಾರಿಗೆ ಬಂತು ಅಂತ ನೋಡೋಕೆ ನಾನು ಕೂರುವುದಿಲ್ಲ. ಆ ವರ್ಷ ಇದ್ದ 94 ವಿಭಾಗಗಳಲ್ಲಿ ಹೆಚ್ಚಿನವನ್ನು ಟೀವಿ ಕಾರ್ಯಕ್ರಮಕ್ಕೆ ಮುಂಚೆಯೇ, ಮಧ್ಯಾಹ್ನದ ಸಭೆಯಲ್ಲೇ ಕೊಟ್ಟು ಮುಗಿಸಿದ್ದರು. ಜಾಕಿರ್ ಹುಸೇನ್, ಶಂಕರ್ ಮಹಾದೇವನ್ ಇದ್ದ ಶಕ್ತಿ ತಂಡಕ್ಕೆ ಪ್ರಶಸ್ತಿ ಬಂದಿದ್ದೂ ಅಲ್ಲೇ. ಸಂಜೆಯ ಮೂರೂವರೆ ಗಂಟೆ ಮುಖ್ಯವಾಗಿ ಹಾಡಿಗೆ. ನನಗೆ ಬೇಕಾದದ್ದೂ ಅದೇ.

ಪ್ರತಿ ವರ್ಷ ಅವತ್ತು ನನ್ನ ಫೋನಿಗೆ ಮೆಸೇಜುಗಳ ಸುರಿಮಳೆ. 'ಏನ್ ಗುರು, ಅಷ್ಟು ದೊಡ್ಡ ಗಾಯಕಿ, ಶ್ರುತಿನೇ ಇಲ್ವಲ್ಲ?' 'ಅದು ಲೈವ್ ಅಲ್ಲ ಅಲ್ವಾ?' ಇಪ್ಪತ್ತು ವರ್ಷದಿಂದ ಮಿಕ್ಸರ್, ಅಂದರೆ ದನಿ, ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಯಂತ್ರದ ಹಿಂದೆ ನಿಂತು ದುಡಿಯುತ್ತಿದ್ದೇನೆ. ಈ ಪ್ರಶ್ನೆಗಳಿಗೆ ಒಂದು ಸಾಲಿನಲ್ಲಿ ಉತ್ತರ ಕೊಡಲು ಇವತ್ತಿಗೂ ನನ್ನ ಕೈಲಿ ಆಗುವುದಿಲ್ಲ. ಯಾಕೆಂದರೆ ಮನೆಯಲ್ಲಿ ಕೂತ ನಮಗೆ ಕೇಳಿಸುವುದು, ಸಭಾಂಗಣದಲ್ಲಿ ಕೂತವರಿಗೆ ಕೇಳಿಸುವುದು, ಹಾಡುವವರ ಕಿವಿಗೆ ಬೀಳುವುದು, ಈ ಮೂರೂ ಬೇರೆ ಬೇರೆ.

2016ರ ಫೆಬ್ರವರಿ 15ರ ಕಥೆ ಹೇಳಿದರೆ ಇದು ಬೇಗ ಅರ್ಥವಾಗುತ್ತದೆ. ಅವತ್ತು ಗ್ರಾಮಿ ವೇದಿಕೆಯಲ್ಲಿ ಇಂಗ್ಲೆಂಡಿನ ಗಾಯಕಿ ಅಡೆಲ್ ಪಿಯಾನೊ ಜೊತೆ ಒಂದು ನಿಧಾನ ಗತಿಯ ಹಾಡು ಹಾಡಿದರು. ಶುರುವಾಗುತ್ತಿದ್ದಂತೆ ಎಲ್ಲಿಂದಲೋ ಶ್ರುತಿ ಕೆಟ್ಟ ಗಿಟಾರಿನಂಥ ಸದ್ದು. ನೋಡುವವರಿಗೆ ಏನೂ ತಿಳಿಯಲಿಲ್ಲ. ವೇದಿಕೆ ಮೇಲೆ ಗಿಟಾರೇ ಇರಲಿಲ್ಲ. ಆಗಿದ್ದಿಷ್ಟು: ದೊಡ್ಡ ಪಿಯಾನೊದ ಒಳಗೆ, ತಂತಿಗಳ ಮೇಲ್ಗಡೆ ಮೈಕ್ ಕಟ್ಟಿರುತ್ತಾರೆ. ಆ ಮೈಕ್ ಜಾರಿ ತಂತಿಗಳ ಮೇಲೇ ಬಿದ್ದಿತ್ತು. ಪಿಯಾನೊದ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿದಾಗಲೆಲ್ಲ ತಂತಿ ಹೋಗಿ ಮೈಕಿನ ಲೋಹಕ್ಕೆ ತಾಗಿ ಕಿರಗುಟ್ಟುತ್ತಿತ್ತು. ಆಮೇಲೆ ಅಡೆಲ್ ಅವರೇ ಟ್ವಿಟರ್‌ನಲ್ಲಿ ಇದನ್ನು ಬರೆದರು.

ಈಗ ಹಾಡುವವರ ಜಾಗದಲ್ಲಿ ನಿಂತು ಯೋಚಿಸಿ. ನಮ್ಮಲ್ಲಿ ತಂಬೂರಿ ಇದ್ದ ಹಾಗೆ ಅವರಿಗೆ ಆ ಹಾಡಿನಲ್ಲಿ ಪಿಯಾನೊ. ಅದನ್ನು ಹಿಡಿದೇ ದನಿ ನಿಲ್ಲಬೇಕು. ಹಾಡುತ್ತಿರುವಾಗ ಯಾರೋ ತಂಬೂರಿಯ ತಂತಿ ಎಳೆದು ಶ್ರುತಿ ಕೆಡಿಸಿದರೆ ಎಂಥ ವಿದ್ವಾಂಸರಿಗೂ ಕಾಲ ಕೆಳಗಿನ ನೆಲ ಜಾರಿದಂತೆ ಆಗುತ್ತದೆ. ಅವತ್ತು ಅಡೆಲ್ ಅಲ್ಲಲ್ಲಿ ಶ್ರುತಿಯಿಂದ ಸರಿದದ್ದು ನಿಜ. ನನ್ನ ಕಿವಿಗೂ ಅದು ಕೇಳಿತು. ಆದರೆ ಹಾಡು ನಿಲ್ಲಿಸದೆ ಕೊನೆ ಮುಟ್ಟಿಸಿದ್ದೂ ಅವರೇ. ಅದನ್ನು ಕೆಟ್ಟ ಗಾಯನ ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ಮುಂದಿನ ವರ್ಷ ಅದೇ ವೇದಿಕೆಯಲ್ಲಿ ತೀರಿಕೊಂಡಿದ್ದ ಗಾಯಕ ಜಾರ್ಜ್ ಮೈಕಲ್ ನೆನಪಿಗೆ ಹಾಡುವಾಗ, ಆರಂಭ ಸರಿ ಹೋಗಲಿಲ್ಲ ಎನ್ನಿಸಿದ ಕೂಡಲೇ ಅವರು ನಿಲ್ಲಿಸಿದರು. ಕ್ಷಮೆ ಕೇಳಿ, ಮೊದಲಿಂದ ಹಾಡಿದರು. ಕೋಟ್ಯಂತರ ಜನ ನೋಡುವ ನೇರ ಪ್ರಸಾರದಲ್ಲಿ ಹಾಗೆ ನಿಲ್ಲಿಸೋಕೆ ಎಷ್ಟು ಧೈರ್ಯ ಬೇಕು ಅಂತ ವೇದಿಕೆ ಹತ್ತಿದವರಿಗೆ ಗೊತ್ತು. ಅದೇ 2017ರ ಸಂಜೆ ಮೆಟಾಲಿಕಾ ತಂಡದ ಜೇಮ್ಸ್ ಹೆಟ್‌ಫೀಲ್ಡ್ ಅವರ ಮೈಕ್ ಕೆಲಸವೇ ಮಾಡಲಿಲ್ಲ. ಬಾಯಿ ಆಡುತ್ತಿದೆ, ದನಿ ಇಲ್ಲ. ಜೊತೆಗೆ ಹಾಡುತ್ತಿದ್ದ ಲೇಡಿ ಗಾಗಾ ಅವರ ಮೈಕಿಗೆ ಇಬ್ಬರೂ ಬಾಯಿ ಕೊಟ್ಟು ಹಾಡಿದರು.

ಇಷ್ಟು ದೊಡ್ಡ ಕಾರ್ಯಕ್ರಮದಲ್ಲೂ ಹೀಗಾಗುತ್ತಾ ಅಂತ ಕೇಳುತ್ತಾರೆ. ದೊಡ್ಡದಾಗಿರುವುದರಿಂದಲೇ ಆಗುತ್ತದೆ. ನಮ್ಮಲ್ಲಿ ಒಂದು ತಂಡಕ್ಕೆ ಸೌಂಡ್ ಚೆಕ್ ಮಾಡಿದರೆ ರಾತ್ರಿಯೆಲ್ಲ ಅದೇ ತಂಡ. ಅಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ತಂಡದ ಸಾಮಾನು ಸಿದ್ಧವಾಗಿರಬೇಕು. ಗಾಲಿ ಮೇಲಿಟ್ಟ ಡ್ರಮ್ಸ್, ಪಿಯಾನೊ ಎಲ್ಲವನ್ನೂ ತಳ್ಳಿಕೊಂಡು ಬಂದು, ಹತ್ತಾರು ಕೇಬಲ್ ಚುಚ್ಚಿ, ಪ್ರತಿಯೊಂದರಲ್ಲೂ ಸದ್ದು ಬರುತ್ತಿದೆಯಾ ಅಂತ ನೋಡೋಕೆ ಸಿಗುವುದು ಕೆಲವೇ ನಿಮಿಷ. ಟೀವಿಗೆ ಮಿಕ್ಸ್ ಮಾಡುವವರು ಸಭಾಂಗಣದೊಳಗೆ ಇರುವುದೂ ಇಲ್ಲ. ಹೊರಗೆ ನಿಂತ ವಾಹನದಲ್ಲಿ ಕೂತಿರುತ್ತಾರೆ. ಅಂಥ ವಾಹನ ಎರಡಿರುತ್ತವೆ. ಒಂದರಲ್ಲಿ ಈಗಿನ ಹಾಡು ಹೋಗುತ್ತಿದ್ದರೆ ಇನ್ನೊಂದರಲ್ಲಿ ಮುಂದಿನ ಹಾಡಿನ ತಯಾರಿ. ಒಳಗಿನ ಸ್ಪೀಕರುಗಳ ಮಿಕ್ಸ್ ನೋಡಿಕೊಳ್ಳುವವರೇ ಬೇರೆ. ಗಾಯಕರ ಕಿವಿಗೆ ಹೋಗುವ ಸದ್ದು ನೋಡಿಕೊಳ್ಳುವವರು ಮತ್ತೆ ಬೇರೆ.

ಆ ಕಿವಿಯ ಸದ್ದಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಾಯಕರ ಕಿವಿಯೊಳಗೆ ಸಣ್ಣ ಇಯರ್‌ಫೋನ್ ಇರುವುದನ್ನು ನೋಡಿರುತ್ತೀರಿ. ಅದು ಶೋಕಿಗಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಎದುರಿನ ಗೋಡೆ 60 ಮೀಟರ್ ದೂರ ಇದೆ ಅಂದುಕೊಳ್ಳಿ. ತಾನು ಹಾಡಿದ್ದು ಅಲ್ಲಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ ಕಳೆದಿರುತ್ತದೆ. ಅದನ್ನೇ ಕೇಳಿಕೊಂಡು ಹಾಡಿದರೆ ತಾಳ ಖಂಡಿತ ತಪ್ಪುತ್ತದೆ. ಅದಕ್ಕೇ ಕಿವಿ ಮುಚ್ಚಿ, ಬೇಕಾದ ವಾದ್ಯ, ತನ್ನ ದನಿ, ತಾಳದ ಟಿಕ್ ಟಿಕ್ ಮಾತ್ರ ಒಳಗೆ ಕೊಡುತ್ತಾರೆ. ಹಾಡಿನ ಮಧ್ಯೆ ಗಾಯಕಿ ಒಂದು ಕಿವಿಯಿಂದ ಅದನ್ನು ಕಿತ್ತರೆ ಎರಡು ಕಾರಣ ಇರಬಹುದು. ಜನರ ಕೂಗು ಕೇಳುವ ಆಸೆ. ಇಲ್ಲವೇ ಒಳಗಿನ ಸದ್ದು ಕೆಟ್ಟಿದೆ. ಮುಖ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ತನ್ನ ದನಿ ತನಗೆ ಕೇಳಿಸದಿದ್ದರೆ ಯಾರೇ ಆಗಲಿ ಗಂಟಲು ಏರಿಸುತ್ತಾರೆ. ಗಂಟಲು ಬಿಗಿದರೆ ಶ್ರುತಿ ಸರಿಯುತ್ತದೆ. ನೀವು ಮನೆಯಲ್ಲಿ 'ಯಾಕೆ ಕಿರುಚ್ತಾಳೆ' ಅನ್ನುವ ಎಷ್ಟೋ ಸಲ ತಪ್ಪು ನನ್ನಂಥವರದ್ದು.

ಇನ್ನು 2024ಕ್ಕೆ ಬರುತ್ತೇನೆ. ಅವತ್ತು ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ ಗಾಯಕಿ ಟ್ರೇಸಿ ಚಾಪ್‌ಮನ್. ಮೊದಲು ತೆರೆ ಮೇಲೆ ಕಂಡಿದ್ದು ಗಿಟಾರಿನ ತಂತಿ ಮೀಟುವ ಬೆರಳುಗಳು. ಆಮೇಲೆ ಮುಖ. ಸಭೆ ಒಂದೇ ಸಲ ಹೋ ಎಂದಿತು. 'ಫಾಸ್ಟ್ ಕಾರ್', 1988ರ ಹಾಡು ಅದು. ವೇದಿಕೆಗಳಿಂದ ಬಹುಕಾಲ ದೂರವೇ ಇದ್ದವರು. ಹಾಡನ್ನು 2023ರಲ್ಲಿ ಮತ್ತೆ ಹಾಡಿ ಹೊಸ ಪೀಳಿಗೆಗೆ ಮುಟ್ಟಿಸಿದ ಲ್ಯೂಕ್ ಕೂಂಬ್ಸ್ ಪಕ್ಕದಲ್ಲಿ ನಿಂತಿದ್ದರು. ಚಾಪ್‌ಮನ್ ಹಾಡುವಾಗ ಅವರು ಅಭಿಮಾನಿಯ ಹಾಗೆ ತುಟಿಯಲ್ಲೇ ಸಾಲುಗಳನ್ನು ಹೇಳಿಕೊಳ್ಳುತ್ತಿದ್ದರು. ನನ್ನ ಕಣ್ಣು ತೇವವಾಯಿತು.

ಕಸುಬಿನ ಕಣ್ಣಿಂದ ನೋಡಿದರೆ ಅಲ್ಲಿ ಏನಿತ್ತು? ಕುಣಿತವಿಲ್ಲ. ಬೆಂಕಿಯಿಲ್ಲ. ಒಂದು ಗಿಟಾರು, ಎರಡು ದನಿ, ಹಿಂದೆ ಹದವಾಗಿ ನುಡಿಸುವ ತಂಡ. ಜನ ಇದನ್ನು ಸುಲಭ ಅಂದುಕೊಳ್ಳುತ್ತಾರೆ. ಕಡಿಮೆ ವಾದ್ಯ ಇದ್ದಷ್ಟೂ ಬಚ್ಚಿಟ್ಟುಕೊಳ್ಳುವ ಜಾಗ ಕಡಿಮೆ. ಬೆರಳು ತಂತಿಯ ಮೇಲೆ ಜಾರುವ ಸದ್ದೂ ಕೇಳುತ್ತದೆ. ಚಾಪ್‌ಮನ್ ಸಾಲಿನ ಕೊನೆಯ ಪದವನ್ನು ಎಳೆಯದೆ ಮಾತಿನ ಹಾಗೆ ಬಿಡುತ್ತಾರೆ. 1988ರ ಧ್ವನಿಮುದ್ರಣದಲ್ಲೂ ಹಾಗೇ, ಮೂವತ್ತೈದು ವರ್ಷ ಕಳೆದ ಮೇಲೂ ಹಾಗೇ. ದನಿ ಸ್ವಲ್ಪ ಗಾಢವಾಗಿದೆ, ಅಷ್ಟೇ.

ಆ ಹಾಡು ಪ್ರಪಂಚಕ್ಕೆ ಪರಿಚಯವಾದ ರೀತಿಯಲ್ಲೂ ನಮ್ಮ ಕಸುಬಿನ ಒಂದು ಅವಘಡ ಇದೆ. 1988ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಸಂಗೀತ ಕಾರ್ಯಕ್ರಮ. ಸ್ಟೀವಿ ವಂಡರ್ ಹಾಡಬೇಕಿತ್ತು. ಅವರ ಎಲೆಕ್ಟ್ರಾನಿಕ್ ವಾದ್ಯಕ್ಕೆ ಬೇಕಾದ ಹಾರ್ಡ್ ಡಿಸ್ಕ್ ಸಿಗಲಿಲ್ಲ. ಖಾಲಿಯಾದ ಆ ಹೊತ್ತು ತುಂಬಿಸೋಕೆ ಚಾಪ್‌ಮನ್ ಗಿಟಾರ್ ಹಿಡಿದು ಎರಡನೇ ಸಲ ವೇದಿಕೆಗೆ ಬಂದರು. ಯಂತ್ರ ಕೈಕೊಟ್ಟ ಕಡೆ ಒಂದು ಮರದ ವಾದ್ಯ, ಒಂದು ಗಂಟಲು ಸಾಕಾಯಿತು. ಮರುವರ್ಷ ಗ್ರಾಮಿಯಲ್ಲಿ ಹೊಸ ಕಲಾವಿದರ ಪ್ರಶಸ್ತಿ ಅವರಿಗೇ ಬಂತು.

ಅದರ ಮರುವರ್ಷ, 1990ರಲ್ಲಿ, ಅದೇ ಪ್ರಶಸ್ತಿ ಮಿಲ್ಲಿ ವನಿಲ್ಲಿ ಎಂಬ ಜೋಡಿಗೆ ಹೋಯಿತು. ಆಲ್ಬಮ್ಮಿನಲ್ಲಿದ್ದ ದನಿ ಅವರದ್ದೇ ಅಲ್ಲ ಅಂತ ಹೊರಬಿದ್ದ ಮೇಲೆ ಅದೇ ನವೆಂಬರಿನಲ್ಲಿ ಪ್ರಶಸ್ತಿ ವಾಪಸ್ ಪಡೆದರು. 'ಲೈವ್ ಅಲ್ಲ ಅಲ್ವಾ?' ಅನ್ನುವ ಅನುಮಾನಕ್ಕೆ ಆ ಘಟನೆ ದೊಡ್ಡ ಕಾರಣ. ಆದರೆ ತುಟಿ ಆಡಿಸುವುದು ಬೇರೆ, ಟ್ರ್ಯಾಕ್ ಬಳಸುವುದು ಬೇರೆ. ಹಿನ್ನೆಲೆ ದನಿ, ಕೆಲವು ತಾಳವಾದ್ಯ ಕಂಪ್ಯೂಟರಿನಿಂದ ಬರುವುದು ಈಗ ಎಲ್ಲ ಕಡೆ ಇದೆ. ನಮ್ಮ ದಸರಾ ವೇದಿಕೆಗಳಲ್ಲೂ ಇದೆ. 2024ರ ಆ ಸಮಾರಂಭ ಶುರು ಮಾಡಿದ ಗಾಯಕಿ ಡುವಾ ಲಿಪಾ ಅವರ ಹಾಡುಗಳ ಗುಚ್ಛದಲ್ಲಿ ಮುಖ್ಯ ದನಿ ಎಲ್ಲಿ ಮುಗಿಯಿತು, ಹಿನ್ನೆಲೆ ದನಿ ಎಲ್ಲಿ ಶುರುವಾಯಿತು ಅಂತ ಬಿಡಿಸಲು ನನ್ನ ಕೈಲಿ ಆಗಲಿಲ್ಲ. ಕುಣಿತ ಚೆನ್ನಾಗಿತ್ತು. ದನಿಯ ಬಗ್ಗೆ ತೀರ್ಪು ಕೊಡೋಕೆ ನನಗೆ ಅಲ್ಲಿ ಏನೂ ಸಿಗಲಿಲ್ಲ. ಮೈಲಿ ಸೈರಸ್ ಹಾಗಲ್ಲ. ಆಗಷ್ಟೇ ಮೊದಲ ಗ್ರಾಮಿ ಗೆದ್ದಿದ್ದರು. ಹಾಡಿನ ಮಧ್ಯೆಯೇ ಸಾಲು ಬದಲಿಸಿ ಆ ಖುಷಿ ಕೂಗಿದರು. ಸಭಿಕರನ್ನು ಛೇಡಿಸಿದರು. ಒರಟು ದನಿ ಇನ್ನಷ್ಟು ಒರಟಾಯಿತು. ಲೈವ್ ಅಂದರೆ ಅದು.

ಬಿಲ್ಲಿ ಐಲಿಶ್ ಅವರ ಹಾಡು ಸೌಂಡಿನವರಿಗೆ ಅವತ್ತಿನ ಕಠಿಣ ಪರೀಕ್ಷೆ. ಪಿಸುಮಾತಿನ ಹಾಗೆ ಹಾಡುತ್ತಾರೆ. ಸಣ್ಣ ದನಿ ಸಿಗಬೇಕಾದರೆ ಮೈಕಿನ ಗೇನ್, ಅಂದರೆ ಮೈಕ್ ಹಿಡಿದ ಸದ್ದನ್ನು ದೊಡ್ಡದು ಮಾಡುವ ಮಟ್ಟ, ಏರಿಸಬೇಕು. ಏರಿಸಿದರೆ ಸಭೆಯ ಕೆಮ್ಮು, ಕುರ್ಚಿ ಸದ್ದು, ಸ್ಪೀಕರಿನಿಂದ ಬಂದದ್ದು ಎಲ್ಲ ಅದೇ ಮೈಕಿಗೆ ನುಗ್ಗುತ್ತದೆ. ಇನ್ನೂ ಏರಿಸಿದರೆ ಕುಯ್ಯೋ ಎಂದು ಫೀಡ್‌ಬ್ಯಾಕ್. ಆ ಸಾವಿರಾರು ಜನರ ಅರೀನಾದಲ್ಲಿ ಆಕೆಯ ಪಿಸುದನಿ ಕಿವಿ ಪಕ್ಕ ಬಂದಂತೆ ಕೇಳಿದ್ದಕ್ಕೆ ನಾನು ಮಿಕ್ಸ್ ಮಾಡಿದವರಿಗೆ ಕೈ ಮುಗಿಯುತ್ತೇನೆ.

ಇನ್ನು ಜೋನಿ ಮಿಚೆಲ್. ಆಗ ಎಂಬತ್ತು ವರ್ಷ. 2015ರಲ್ಲಿ ಮೆದುಳಿನ ರಕ್ತನಾಳದ ತೊಂದರೆಯಿಂದ ಮಾತು, ನಡಿಗೆ ಎಲ್ಲವನ್ನೂ ಮತ್ತೆ ಕಲಿಯಬೇಕಾಗಿ ಬಂದಿತ್ತು. ಅಷ್ಟು ದಶಕಗಳ ಸಂಗೀತದ ಮೇಲೂ ಗ್ರಾಮಿ ವೇದಿಕೆಯಲ್ಲಿ ಅವರು ಹಾಡಿದ್ದು ಅವತ್ತೇ ಮೊದಲು. ಕುರ್ಚಿಯಲ್ಲಿ ಕೂತು, ಊರುಗೋಲು ಹಿಡಿದು, ಯೌವನದಲ್ಲಿ ಬರೆದ ಹಾಡನ್ನೇ ಹಾಡಿದರು. ಒಬ್ಬ ಗೆಳೆಯ ಮೆಸೇಜ್ ಮಾಡಿದ: 'ಪಾಪ, ದನಿ ಹೋಗಿದೆ.' ಹೋಗಿಲ್ಲ. ಇಳಿದಿದೆ. ಇಪ್ಪತ್ತರ ಹರೆಯದಲ್ಲಿ ಮೇಲಿನ ಸ್ವರಗಳಲ್ಲಿ ಹಾರಾಡುತ್ತಿದ್ದ ಹಾಡನ್ನು ಅವರು ತುಂಬಾ ಕೆಳಗಿನ ಶ್ರುತಿಯಲ್ಲಿ, ಸಾಲು ಸಾಲಿಗೆ ಉಸಿರು ತೆಗೆದುಕೊಂಡು ಹಾಡಿದರು. ಗಾಯಕಿ ಬ್ರ್ಯಾಂಡಿ ಕಾರ್ಲೈಲ್ ಮತ್ತು ಜೊತೆಗಿದ್ದ ಉಳಿದವರು ಸುತ್ತ ಕೂತು ಅವರ ನಡೆಗೆ ಕಾದರು. ಅವರು ತಡೆದಲ್ಲಿ ತಡೆದರು.

ಇದು ನನಗೆ ಯಾಕೆ ಇಷ್ಟು ತಾಗುತ್ತದೆ ಅಂದರೆ, ಇದರ ತದ್ವಿರುದ್ಧವನ್ನು ನಾನೇ ನಿಂತು ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಊರ ಹಬ್ಬದ ಕಾರ್ಯಕ್ರಮ. ಅರವತ್ತು ದಾಟಿದ ಗಾಯಕಿ. ಒಂದು ಕಾಲಕ್ಕೆ ಆ ಭಾಗದಲ್ಲೆಲ್ಲ ಹೆಸರಾಗಿದ್ದವರು. ಸಂಘಟಕರು ವಾದ್ಯದವರ ಖರ್ಚು ಉಳಿಸಲು ಟ್ರ್ಯಾಕ್ ತರಿಸಿದ್ದರು. ಅದು ಅವರ ಮೂವತ್ತರ ಪ್ರಾಯದ ಶ್ರುತಿಯಲ್ಲೇ ಇತ್ತು. ಸೌಂಡ್ ಚೆಕ್ಕಿನಲ್ಲಿ ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, 'ಸ್ವಲ್ಪ ಇಳಿಸೋಕಾಗುತ್ತಾ ತಮ್ಮಾ?' ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಬಹುದಿತ್ತು. ಹತ್ತು ನಿಮಿಷದ ಕೆಲಸ. ಹೊತ್ತಾಗುತ್ತದೆ ಅಂತ 'ಆಗಲ್ಲಮ್ಮಾ' ಅಂದುಬಿಟ್ಟೆ. ಚರಣದ ಮೇಲಿನ ಸ್ವರಕ್ಕೆ ಬಂದಾಗ ದನಿ ಒಡೆಯಿತು. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಅದು ಮುಂದೆ ಹೋಯಿತು. ಅವರು ಹಿಂದೆ ಉಳಿದರು. ಆ ತಪ್ಪು ನನ್ನದು. ಅವರಿಗೆ ಅದನ್ನು ಹೇಳುವ ಅವಕಾಶ ನನಗೆ ಮತ್ತೆ ಸಿಗಲಿಲ್ಲ.

ಅದಕ್ಕೇ ಮುಂದಿನ ಸಲ ಇಂಥ ಕಾರ್ಯಕ್ರಮ ನೋಡುವಾಗ ಒಂದು ಹಾಡನ್ನಾದರೂ ಟೀವಿಯ ಸ್ಪೀಕರಿನಲ್ಲಿ ಕೇಳಬೇಡಿ. ಹೆಡ್‌ಫೋನ್ ಹಾಕಿಕೊಳ್ಳಿ. ತೆಳು ಟೀವಿಯ ಸ್ಪೀಕರುಗಳು ಸಾಮಾನ್ಯವಾಗಿ ಕೆಳಗೆ ಇಲ್ಲವೇ ಗೋಡೆಯ ಕಡೆ ಮುಖ ಮಾಡಿರುತ್ತವೆ. ದನಿಯ ತಳವೇ ಹೋಗಿಬಿಟ್ಟಿರುತ್ತದೆ. ಮೊದಲು ಉಸಿರು ಕೇಳಿ. ಉಸಿರು ಕೇಳಿದ ತಕ್ಷಣ ಲೈವ್ ಎಂದು ಆಣೆ ಹಾಕೋಕಾಗುವುದಿಲ್ಲ, ಧ್ವನಿಮುದ್ರಣದಲ್ಲೂ ಉಸಿರಿರುತ್ತದೆ. ಆದರೆ ಓಡಿದವರ ಉಸಿರು, ಅಳು ತಡೆದವರ ಉಸಿರು ಬೇರೆಯೇ. ಆಮೇಲೆ ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಕೇಳಿ. ನಾವು ಗಮಕ ಕೇಳಿ ಬೆಳೆದವರು, ನಮಗೆ ಇದು ಸುಲಭ. ಶ್ರುತಿ ತಿದ್ದುವ ಯಂತ್ರವನ್ನು ಜಾಸ್ತಿ ತಿರುಗಿಸಿದ್ದರೆ ಸ್ವರ ಜಾರಿಕೊಂಡು ಹೋಗುವ ಆ ದಾರಿ ಮೆಟ್ಟಿಲುಗಳಾಗಿಬಿಟ್ಟಿರುತ್ತದೆ.

ಜೋನಿ ಮಿಚೆಲ್ ಹಾಡಿದ್ದನ್ನು ನಾನು ಆಮೇಲೆ ಹಾಗೇ ಹೆಡ್‌ಫೋನಿನಲ್ಲಿ ಕೇಳಿದೆ. ಪ್ರತಿ ಸಾಲಿಗೆ ಮುಂಚೆ ಅವರು ಉಸಿರು ಎಳೆಯುವುದು ಕೇಳುತ್ತದೆ. ಮಿಕ್ಸರಿನಲ್ಲಿ ಅದನ್ನು ಅಡಗಿಸುವುದು ಬಹಳ ಸುಲಭ. ಸದ್ದು ಏರಿಳಿಸುವ ಫೇಡರ್ ಗುಂಡಿಯನ್ನು ಬೆರಳಿನಿಂದ ಒಂದಿಷ್ಟು ಕೆಳಗೆ ಜಾರಿಸಿದರೆ ಮುಗಿಯಿತು. ಆ ವಾಹನದಲ್ಲಿ ಫೇಡರ್ ಮೇಲೆ ಕೈ ಇಟ್ಟಿದ್ದವರು ಜಾರಿಸಲಿಲ್ಲ.