ಅಲಾಯಿ ಕುಣಿ ಯಾರು ಅಗೀತಾರೆ?

ಜೂನ್ ಎರಡನೇ ವಾರದಿಂದ ನನ್ನ ಫೋನ್ ಸುಮ್ಮನಿರುವುದಿಲ್ಲ. "ಮೇಡಂ, 26ಕ್ಕ ನಮ್ಮ ಶಾಲ್ಯಾಗ ಜಾಥಾ ಅದರೀ. ಮಾದಕ ವಸ್ತು ವಿರೋಧಿ ದಿನ. ನೀವು ಬಂದು ಇಪ್ಪತ್ತು ನಿಮಿಷ ಮಾತಾಡಬೇಕು." ಹೋಗುತ್ತೇನೆ. ಹದಿನೇಳು ವರ್ಷದಿಂದ ಹೋಗುತ್ತಲೇ ಇದ್ದೇನೆ. ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತು, ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಾರೆ. ಬ್ಯಾನರ್ ಹಿಡಿದು ಫೋಟೊ ಆಗುತ್ತದೆ. ಆಮೇಲೆ ಸುಸಲಾ, ಮಿರ್ಚಿ ಭಜಿ, ಚಹಾ. ಮುಂದಿನ ವಾರ ಅದೇ ಬ್ಯಾನರ್ ಯಾರದೋ ದನದ ಕೊಟ್ಟಿಗೆಗೆ ಪರದೆಯಾಗಿರುವುದನ್ನು ನಾನೇ ನೋಡಿದ್ದೇನೆ. ಒಳ್ಳೆಯ ಗಟ್ಟಿ ಬಟ್ಟೆ, ಹಾಳಾಗಲಿಲ್ಲವಲ್ಲ ಅಂದುಕೊಂಡೆ.

ವಿಶ್ವಸಂಸ್ಥೆಯವರು 1987ರಲ್ಲಿ ಈ ತಾರೀಖು ಗೊತ್ತು ಮಾಡುವಾಗ ಕಲಬುರಗಿ, ಯಾದಗಿರಿಯ ತೊಗರಿ ಬಿತ್ತನೆ ಅವರಿಗೆ ನೆನಪಾಗುವುದು ಸಾಧ್ಯವಿರಲಿಲ್ಲ, ಪಾಪ. ಮಳೆ ಹದ ಕೊಟ್ಟಿದ್ದರೆ ಆ ಹೊತ್ತಿಗೆ ತಂದೆ-ತಾಯಿ ಹೊಲದಲ್ಲಿರುತ್ತಾರೆ. ಕೇಳಬೇಕಾದವರು ಕೇಳುವುದಿಲ್ಲ. ಇರಲಿ. ವರ್ಷಕ್ಕೊಂದು ದಿನ ಮಕ್ಕಳು ಕೂಗುತ್ತಾ ಊರು ಸುತ್ತಿದರೆ ಯಾರಿಗೂ ನಷ್ಟವಿಲ್ಲ. ನನಗೆ ತಲೆ ಕೆಡುವುದು ಭಜಿ ತಿಂದಾದ ಮೇಲೆ ಬರುವ ಮಾತಿಗೆ: "ಮುಂದಿನ ವರ್ಷ ಏನರ ಹೊಸಾದು ಮಾಡೋಣ್ರಿ ಮೇಡಂ."

ಹೊಸಾದು! ಬೀದಿ ನಾಟಕ ಆಯಿತು, ರಂಗೋಲಿ ಆಯಿತು, ಬೈಕ್ ರ‍್ಯಾಲಿ ಆಯಿತು, ಈಚೆಗೆ ಸೆಲ್ಫಿ ಪಾಯಿಂಟ್ ಕೂಡ ಬಂದಿದೆ. "ಹಳೇದನ್ನೇ ಮಾಡಿ, ಬಿಡದೆ ಮಾಡಿ" ಅಂದರೆ ಮುಖ ಸಣ್ಣದಾಗುತ್ತದೆ. ಇನ್ನೊಬ್ಬರು ಮೆಲ್ಲಗೆ ಕೇಳುತ್ತಾರೆ: "ಎಷ್ಟ್ ವರ್ಷ ಅಂತ ಇದನ್ನೇ ಹೇಳೋದ್ರಿ?"

ಇದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ. ಈ ವರ್ಷ ಏಳನೇ ತರಗತಿಯಲ್ಲಿರುವ ಹುಡುಗ ಹೋದ ವರ್ಷ ಆರನೇ ತರಗತಿಯಲ್ಲಿದ್ದ. ನೀವು ಎರಡು ವರ್ಷದ ಹಿಂದೆ ಯಾರಿಗೆ ಹೇಳಿದಿರೋ ಅವರು ಈಗ ಹೈಸ್ಕೂಲಿನಲ್ಲಿದ್ದಾರೆ. ಇವನಿಗೆ ಯಾರೂ ಏನೂ ಹೇಳಿಲ್ಲ. ನಿಮಗೆ ಅದು ಹಳೆಯ ಮಾತು. ಇವನಿಗೆ ಮೊದಲ ಸಲ. ಹುಟ್ಟಿದ ಮಗುವಿಗೆ ಲಸಿಕೆ ಹಾಕಿಸುವಾಗ "ಹೋದ ವರ್ಷ ಪಕ್ಕದ ಮನೆ ಕೂಸಿಗೆ ಹಾಕ್ಸಿದ್ವಲ್ಲ, ಈ ಸಲ ಏನರ ಹೊಸಾದು ಹಾಕ್ಸೋಣ" ಅಂತ ಯಾರಾದರೂ ಅಂತಾರಾ? ಗುಟ್ಕಾ ವಿಷಯದಲ್ಲಿ ಮಾತ್ರ ಅಂತಾರೆ. ಸಭೆಯಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ. ಹೊರಡುವಾಗ ಮತ್ತೆ ಅದೇ ಪ್ರಶ್ನೆ.

ಚಿತ್ತಾಪುರ ತಾಲ್ಲೂಕಿನ ಒಂದು ಊರಿನ ಕಥೆ ಹೇಳಬೇಕು. ಸುತ್ತ ಕಲ್ಲಿನ ಗಣಿಗಳು. ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ತೆಗೆಯುವ ಕೆಲಸ. ಅಲ್ಲಿ ದೂಳು, ಬಿಸಿಲು, ಹಸಿವು ಮೂರನ್ನೂ ತಡೆಯುವುದಕ್ಕೆ ಬಾಯಲ್ಲಿ ಗುಟ್ಕಾ ಇರಲೇಬೇಕು ಎಂದು ನಂಬಿದ ಜನ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲಾ ಒಂದು ಚೀಟಿ, ಜರ್ದಾ ಇನ್ನೊಂದು ಚೀಟಿ. ಎರಡನ್ನೂ ಕೊಂಡು ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಾರೆ, ಮುಗಿಯಿತು. ಅಪ್ಪನಿಗೆ ತರಲು ಅಂಗಡಿಗೆ ಹೋಗುವ ಮಗ ದಾರಿಯಲ್ಲಿ ಒಂದು ಚಿಟಿಕೆ ರುಚಿ ನೋಡುತ್ತಾನೆ. ಶುರುವಾಗುವುದು ಹೆಚ್ಚಾಗಿ ಹೀಗೇ. ಕೆಟ್ಟ ಸಹವಾಸ ಅಂತ ನಾವು ಬೀದಿಯನ್ನು ಬೈಯುತ್ತೇವೆ.

ಆ ಊರಿಗೆ ಒಬ್ಬ ಹೆಡ್ ಮಾಸ್ತರ್ ಬಂದರು. ಅಂಥ ಮನುಷ್ಯ ನೂರಕ್ಕೊಬ್ಬ. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದು ಎಂಬ 2003ರ ಕಾಯ್ದೆಯನ್ನು ಅಂಗಡಿಯವನ ಮುಂದೆ ಕೂತು, ಚಹಾ ಕುಡಿಯುತ್ತಾ, ಬೈಯದೆ ವಿವರಿಸಿದರು. ಶಾಲೆಗೆ ಬರದ ಹುಡುಗನ ಮನೆಗೆ ಮೂರನೇ ದಿನ ತಾವೇ ಹೋಗುತ್ತಿದ್ದರು. ಸಂಜೆ ಪಂಚಾಯಿತಿ ಲೈಬ್ರರಿ ತೆರೆಸಿ ಕೇರಂ ಬೋರ್ಡ್ ಇಡಿಸಿದರು. ಮೂರು ವರ್ಷ ನಡೆಯಿತು. ನಾನು ಎಲ್ಲ ಸಭೆಗಳಲ್ಲೂ ಆ ಊರಿನ ಹೆಸರು ಹೇಳಿಕೊಂಡು ತಿರುಗಿದೆ. ನನ್ನ ತಪ್ಪು ಅದೇ. ಮಾಸ್ತರಿಗೆ ವರ್ಗಾವಣೆ ಆಯಿತು. ಆರು ತಿಂಗಳ ನಂತರ ಹೋದರೆ ಲೈಬ್ರರಿಗೆ ಬೀಗ, ಅಂಗಡಿ ಶಾಲೆಯ ಗೇಟಿನ ಎದುರಿಗೆ. ಕೇರಂ ಕಾಯಿಗಳು ಎಲ್ಲಿ ಹೋದವು ಅಂತ ಯಾರಿಗೂ ಗೊತ್ತಿಲ್ಲ.

ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ "ಯಾಕ್ರೀ ಹಿಂಗಾಯ್ತು" ಅಂದೆ. "ಮಾಸ್ತರ ಹೋದ್ರಲ್ರೀ ಮೇಡಂ. ಅದು ಅವ್ರ ಕೆಲಸ ಇತ್ತು." ಸಿಟ್ಟು ಬಂತು. ಎದುರಿಗೆ ಅಲಾಯಿ ಕುಣಿ ಇತ್ತು, ಮೊಹರಂಗೆ ಕಟ್ಟಿಗೆ ಹಾಕಿ ಬೆಂಕಿ ಮಾಡುವ ಗುಂಡಿ. ಹಬ್ಬ ಮುಗಿದು ಬಹಳ ದಿನವಾಗಿರಲಿಲ್ಲ. ಸುಮ್ನೆ ಬಾಯಿಗೆ ಬಂದಿದ್ದು ಕೇಳಿದೆ: "ಅಜ್ಜಾ, ಈ ಕುಣಿ ಅಗೆಯೋರು ಯಾರು?" ಥಟ್ಟನೆ ಒಂದು ಮನೆತನದ ಹೆಸರು ಬಂತು. ಕಟ್ಟಿಗೆ ಯಾರು ತರ್ತಾರೆ? ಇನ್ನೊಂದು ಮನೆ. ಪೀರ್ ದೇವರನ್ನು ಹೊರುವವರು? ಹಲಗಿ ಬಡಿಯುವವರು? ಒಂದಕ್ಕೂ ತಡವರಿಸಲಿಲ್ಲ. "ಅವ್ರಿಗೆ ಆರಾಮ ಇಲ್ಲಂದ್ರ?" "ಅವ್ರ ಮಗ ಅದಾನಲ್ಲ." ನಮ್ಮ ಕಡೆ ಮೊಹರಂ ಹಿಂದೂ ಮುಸ್ಲಿಂ ಎರಡೂ ಮನೆಗಳ ಹಬ್ಬ. ಎಷ್ಟೋ ತಲೆಮಾರಿನಿಂದ ನಡೆದು ಬಂದಿದೆ. ಅದಕ್ಕೆ ಠರಾವಿನ ಪುಸ್ತಕವಿಲ್ಲ, ಅನುದಾನವಿಲ್ಲ. ಮುಂದಿನ ವರ್ಷ ಏನರ ಹೊಸಾದು ಮಾಡೋಣ ಅಂತ ಯಾರೂ ಕೇಳುವುದಿಲ್ಲ. ಹೊಸದು ಮಾಡಿದರೆ ಬೈತಾರೆ.

ಯಾವ ಮನೆಗೆ ಯಾವ ಕೆಲಸ ಎನ್ನುವುದರಲ್ಲಿ ಜಾತಿಯ ಲೆಕ್ಕವೂ ಇದೆ. ಅದನ್ನು ನಾನು ಹೊಗಳುತ್ತಿಲ್ಲ. ನಾನು ಅಲ್ಲಿಂದ ತೆಗೆದುಕೊಂಡಿದ್ದು ಒಂದೇ: ಕೆಲಸ ಸಣ್ಣದಾಗಿರಬೇಕು, ಅದು ಯಾರದು ಅಂತ ಇಡೀ ಊರಿಗೆ ಗೊತ್ತಿರಬೇಕು, ಅವರು ಇಲ್ಲದಾಗ ಯಾರದು ಅಂತಲೂ ಗೊತ್ತಿರಬೇಕು.

ಆಮೇಲೆ ನಾನು ಸಮಿತಿ ರಚಿಸುವುದನ್ನು ಹೆಚ್ಚುಕಡಿಮೆ ಬಿಟ್ಟೆ. ನೋಡಿ, ಪಂಚಾಯಿತಿ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಪಿಡಿಒ ಯಾವಾಗ ಬೇಕಾದರೂ ಬದಲಾಗುತ್ತಾರೆ. ಯೋಜನೆಯ ಹಣಕ್ಕೆ ಮಾರ್ಚ್ 31 ಇದೆ. ನನ್ನಂಥವಳ ಹುದ್ದೆಯೂ ಗುತ್ತಿಗೆಯದ್ದೇ. ಇವರನ್ನು ನಂಬಿ ಕಟ್ಟಿದ್ದು ಎಷ್ಟು ದಿನ ನಿಲ್ಲುತ್ತದೆ? ಅದರ ಬದಲು ಮೊದಲೇ ನಡೆಯುತ್ತಿರುವ ಕೆಲಸಕ್ಕೆ ಇದನ್ನು ಗಂಟು ಹಾಕುತ್ತೇವೆ. ಸ್ತ್ರೀಶಕ್ತಿ ಸಂಘದವರು ವಾರಕ್ಕೊಮ್ಮೆ ಉಳಿತಾಯಕ್ಕೆ ಸೇರೇ ಸೇರುತ್ತಾರೆ. ಅಲ್ಲಿ ಐದು ನಿಮಿಷ, ಒಂದೇ ಪ್ರಶ್ನೆ: ಈ ವಾರ ಯಾವ ಹುಡುಗ ಶಾಲೆಗೆ ಹೋಗಿಲ್ಲ? ಹಾಲು ಹಾಕಲು ಹೋಗುವವರು ಶಾಲೆಯ ಮುಂದೆ ಹೇಗೂ ಹಾದುಹೋಗುತ್ತಾರೆ. ಅಂಗಡಿಯಲ್ಲಿ ಚೀಟಿಗಳು ತೂಗುತ್ತಿವೆಯಾ ಅಂತ ಒಂದು ಕಣ್ಣು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಇದೆ, ಲೈಬ್ರರಿ ಎಷ್ಟು ಸಂಜೆ ತೆರೆದಿತ್ತು ಅಂತ ಮಕ್ಕಳೇ ಅಲ್ಲಿ ಕೇಳುತ್ತಾರೆ. ಫೋಟೊ ತೆಗೆಯುವಂಥದ್ದು ಇದರಲ್ಲಿ ಏನೂ ಇಲ್ಲ. ಅದಕ್ಕೇ ಮೇಲಿನವರಿಗೆ ವರದಿ ಬರೆಯುವುದು ನನಗೆ ಬಹಳ ಕಷ್ಟ.

ಇಲ್ಲಿ ಗುಳೆಯದ್ದೊಂದು ಮಾತು. ತೊಗರಿ ರಾಶಿ ಮುಗಿದ ಮೇಲೆ ಯಾದಗಿರಿ ಕಡೆಯ ಎಷ್ಟೋ ಮನೆಗಳು ಬೆಂಗಳೂರು, ಪುಣೆ, ಹೈದರಾಬಾದ್ ಹಾದಿ ಹಿಡಿಯುತ್ತವೆ. ಹುಡುಗರು ಜೊತೆಗೆ ಹೋಗಿ, ಕಟ್ಟಡದ ಕೆಲಸದ ಜಾಗದಲ್ಲಿ ಬೀಡಿ, ಪಂಕ್ಚರ್ ಸೊಲ್ಯೂಷನ್ ಮೂಸುವುದು ಎಲ್ಲ ಕಲಿತು ಬರುತ್ತಾರೆ. ವಾಪಸ್ ಬಂದವನನ್ನು ಶಾಲೆಗೆ ಮತ್ತೆ ಸೇರಿಸಿಕೊಳ್ಳುವ ಆ ಎರಡು ವಾರ ನನ್ನ ಲೆಕ್ಕದಲ್ಲಿ ಜೂನ್ 26ಕ್ಕಿಂತ ದೊಡ್ಡದು. ಜೇಬಿನಲ್ಲಿ ಚೀಟಿ ಸಿಕ್ಕಿತೆಂದು ಟಿ.ಸಿ. ಕೊಟ್ಟು ಕಳಿಸುವ ಶಾಲೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಅವನಿಗೆ ಉಳಿದಿದ್ದ ಒಂದು ಆಸರೆ ಶಾಲೆ. ಶಿಕ್ಷೆ ಆಗಬೇಕಾದ್ದು ಕೊಟ್ಟವನಿಗೆ. ಮಕ್ಕಳಿಗೆ ತಂಬಾಕು, ಮದ್ಯ, ಡ್ರಗ್ಸ್ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

ಹಳೇದನ್ನೇ ಬಿಡದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಐಸ್‌ಲ್ಯಾಂಡ್ ದೇಶದ ಉದಾಹರಣೆ ಕೊಡುತ್ತೇನೆ. ಅಲ್ಲಿ 1998ರಲ್ಲಿ 15-16ರ ವಯಸ್ಸಿನ ಮಕ್ಕಳಲ್ಲಿ 42% ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದರು. 2016ಕ್ಕೆ ಅದು 5%ಗೆ ಇಳಿಯಿತು. ಹೆಸರಿಲ್ಲದೆ ಮಕ್ಕಳನ್ನು ಮತ್ತೆ ಮತ್ತೆ ಕೇಳಿದರು, ಬಂದ ಉತ್ತರವನ್ನು ಆಯಾ ಊರಿಗೇ ವಾಪಸ್ ಕೊಟ್ಟರು, ಸಂಜೆ ಹೊತ್ತು ಮಕ್ಕಳಿಗೆ ಆಟ, ಸಂಗೀತ ಒದಗಿಸಿದರು, ತಂದೆ-ತಾಯಿಯರನ್ನು ಒಟ್ಟು ಕೂಡಿಸಿದರು. ವರ್ಷಗಟ್ಟಲೆ ಇದನ್ನೇ. ಅದು ಸಣ್ಣ ದೇಶ, ಹಣವಂತ ದೇಶ. ಅಲ್ಲಿಯ ಲೆಕ್ಕ ನಮ್ಮ ಸೇಡಂಗೆ ಹಾಗೇ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಹದಿನೆಂಟು ವರ್ಷ ಹಿಡಿಯಿತು ಅನ್ನೋದನ್ನು ಮಾತ್ರ ಒತ್ತಿ ಹೇಳುತ್ತೇನೆ. ನಮ್ಮವರು ಹದಿನೆಂಟು ತಿಂಗಳಿಗೆ "ಫಲಿತಾಂಶ ಏನ್ರಿ" ಅಂತಾರೆ.

ಕುಡಿತ ಬಿಟ್ಟವರನ್ನು ಕರೆಸಿ ಭಾಷಣ ಮಾಡಿಸುವುದು, ಬಾಯಿ ಕ್ಯಾನ್ಸರ್ ಚಿತ್ರ ತೋರಿಸಿ ಹೆದರಿಸುವುದು, ಇವುಗಳಿಂದ ಉಪಯೋಗ ಕಾಣುವುದಿಲ್ಲ ಎಂದು ವಿಶ್ವಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ನನಗೆ ಅದನ್ನು ಮೊದಲು ಕಲಿಸಿದ್ದು ಒಬ್ಬ ಎಂಟನೇ ತರಗತಿಯ ಹುಡುಗ. ಇಪ್ಪತ್ತು ವರ್ಷ ಕುಡಿದು ಬಿಟ್ಟವರೊಬ್ಬರಿಗೆ ವೇದಿಕೆ ಮೇಲೆ ಶಾಲು ಹೊದಿಸಿದೆವು. ಅವರು ಅತ್ತರು, ನಾವೂ ಕಣ್ಣೊರೆಸಿಕೊಂಡೆವು. ಹುಡುಗ ಕೇಳಿದ: "ಮೇಡಂ, ಕುಡೀದೇ ಇದ್ದೋರಿಗೆ ಯಾಕ ಶಾಲು ಹಾಕಲ್ಲ?"

ಇನ್ನೊಂದು ಎಚ್ಚರಿಕೆ, ಇದನ್ನು ಹೇಳದೆ ಬಿಡುವ ಹಾಗಿಲ್ಲ. ಹುಮ್ಮಸ್ಸಿನಲ್ಲಿ ಊರಿಗೆ ಊರೇ ಒಂದು ದಿನ ಕುಡಿತದ ಅಂಗಡಿಗಳನ್ನೆಲ್ಲ ಮುಚ್ಚಿಸಿಬಿಡುತ್ತದೆ. ಹೆಣ್ಣುಮಕ್ಕಳ ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣುತ್ತದೆ. ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ಪುಡಿ) ಅಥವಾ ನಿದ್ದೆ ಮಾತ್ರೆ ಬೆರೆಸಿದ ಸೇಂದಿ ಕುಡಿದವರಲ್ಲೂ ಹೀಗಾಗುತ್ತದೆ. ದೆವ್ವ ಬಡಿದಿದೆ ಅಂತ ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದುಕೊಂಡು ಹೋಗಿ, ಮೂರನೇ ದಿನ ನಮ್ಮ ಹತ್ತಿರ ತರುತ್ತಾರೆ. ದೇವರಿಗೆ ಹೋಗಬೇಡಿ ಅನ್ನುವುದಿಲ್ಲ, ಮೊದಲು ಆಸ್ಪತ್ರೆಗೆ ಬನ್ನಿ. ಇದು ಜೀವಕ್ಕೆ ಅಪಾಯ ತರುವ ಸ್ಥಿತಿ. ಅಂಗಡಿ ಮುಚ್ಚಿಸುವ ಮೊದಲು ಊರಿನ ಆಶಾ ಕಾರ್ಯಕರ್ತೆಗೆ, ಪಿ.ಎಚ್.ಸಿ. ವೈದ್ಯರಿಗೆ ಒಂದು ಮಾತು ಹೇಳಿ. ಚಟ ಬಿಡುವ ಸಲಹೆಗೆ 14446ಕ್ಕೆ, ಮನಸ್ಸಿನ ತೊಂದರೆಗೆ 14416ಕ್ಕೆ ಫೋನ್ ಮಾಡಬಹುದು.

ಆ ಚಿತ್ತಾಪುರದ ಊರಿಗೆ ಎರಡು ವರ್ಷ ಬಿಟ್ಟು ಮತ್ತೆ ಹೋದೆವು. ಈ ಸಲ ಭಾಷಣ ಇಲ್ಲ. ಲೈಬ್ರರಿಯ ಸಂಜೆ ಬೀಗದ ಕೈ ಯಾರ ಮನೆಯಲ್ಲಿರಬೇಕು, ಅಷ್ಟೇ ತೀರ್ಮಾನ. ಶಾಲೆಯ ಹಿಂದಿನ ಓಣಿಯ ಒಂದು ಮನೆಗೆ ಕೊಟ್ಟರು. ಆ ಮನೆಯ ಅಮ್ಮ ಮಗಳ ಬಾಣಂತನಕ್ಕೆ ಹೋದಾಗ ನನಗೆ ಎದೆ ಡವಡವ. ಹೋಗಿ ನೋಡಿದರೆ ಲೈಬ್ರರಿ ತೆರೆದಿತ್ತು, ಸೊಸೆ ಕೂತಿದ್ದಳು. ಅಮ್ಮ ವಾಪಸ್ ಬಂದು ಬೀಗದ ಕೈ ಕೇಳಿದರೆ ಸೊಸೆ ಕೊಡಲಿಲ್ಲವಂತೆ. "ಮಕ್ಕಳು ನನಗ ರೂಢಿ ಆಗ್ಯಾವ್ರಿ, ನಾನೇ ಕೂಡ್ತೀನಿ" ಅಂದಳಂತೆ. ಅತ್ತೆ ಹದಿನೈದು ದಿನ ಮುಖ ಊದಿಸಿಕೊಂಡಿದ್ದರು. ಹೋದ ತಿಂಗಳು ಇಬ್ಬರೂ ಬೇರೆ ಬೇರೆಯಾಗಿ ನನಗೆ ದೂರು ಹೇಳಿದರು. ನಾನು ಚಹಾ ಕುಡಿದೆ, ಮಧ್ಯೆ ಬಾಯಿ ಹಾಕಲಿಲ್ಲ.