ಧ್ವನಿಮುದ್ರಿಕೆಯ ಹಿಂಬದಿಯ ಸಣ್ಣ ಅಕ್ಷರ: ಮೆಲ್ಬಾ ಲಿಸ್ಟನ್ ಮತ್ತು ಅರೇಂಜರ್ ಎಂಬ ಕಾಣದ ಕೈ

ಟ್ರಂಬೋನ್‌ಗೆ ಟ್ರಂಪೆಟ್‌ನಂತೆ ಒತ್ತುವ ಗುಂಡಿಗಳಿಲ್ಲ. ಒಂದರೊಳಗೊಂದು ಜಾರುವ ಉದ್ದನೆಯ ಕೊಳವೆಯನ್ನು ಬಲಗೈಯಿಂದ ಮುಂದಕ್ಕೆ ತಳ್ಳಿ, ಹಿಂದಕ್ಕೆ ಎಳೆದು ಸ್ವರವನ್ನು ಹುಡುಕಿಕೊಳ್ಳಬೇಕು. ಸ್ಲೈಡ್ ಎಂದು ಕರೆಯುವ ಆ ಕೊಳವೆಗೆ ಏಳು ನೆಲೆಗಳಿವೆ. ಒಂದು ನೆಲೆ ಮುಂದೆ ಹೋದರೆ ಶ್ರುತಿ ಅರ್ಧ ಸ್ವರದಷ್ಟು ಇಳಿಯುತ್ತದೆ, ಏಳನೆಯದನ್ನು ಮುಟ್ಟುವ ಹೊತ್ತಿಗೆ ಕೊಳವೆ ಸುಮಾರು ಎರಡು ಅಡಿ ಚಾಚಿಕೊಂಡಿರುತ್ತದೆ. ಯಾವ ನೆಲೆಗೂ ಗುರುತು ಕೊರೆದಿರುವುದಿಲ್ಲ. ಪಿಟೀಲಿನ ತಂತಿಯ ಮೇಲೆ ಬೆರಳು ತನ್ನ ಜಾಗವನ್ನು ತಾನೇ ಕಂಡುಕೊಳ್ಳುವಂತೆ ಇಲ್ಲಿ ಇಡೀ ತೋಳು ಕಂಡುಕೊಳ್ಳಬೇಕು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1926ರ ಜನವರಿ 13ರಂದು ಹುಟ್ಟಿದ ಮೆಲ್ಬಾ ಲಿಸ್ಟನ್ ಎಂಬ ಕಪ್ಪು ಹುಡುಗಿ ಏಳನೆಯ ವಯಸ್ಸಿನಲ್ಲಿ ಈ ವಾದ್ಯವನ್ನು ಕಂಡು ಮರುಳಾಗಿ, ತಾಯಿಯಿಂದ ಕೊಡಿಸಿಕೊಂಡಾಗ, ಆಕೆಯ ತೋಳು ಕೊನೆಯ ಎರಡು ನೆಲೆಗಳಿಗೆ ಎಟುಕುತ್ತಿರಲಿಲ್ಲ. ತಲೆಯನ್ನು ಪಕ್ಕಕ್ಕೆ ವಾಲಿಸಿಕೊಂಡು, ಭುಜವನ್ನು ಚಾಚಿ, ಹೇಗೋ ಮುಟ್ಟುತ್ತಿದ್ದಳು. ಎಂಟನೆಯ ವಯಸ್ಸಿಗೆ ಊರಿನ ರೇಡಿಯೋದಲ್ಲಿ ಒಬ್ಬಳೇ ನುಡಿಸುವಷ್ಟು ಪಳಗಿದ್ದಳು.

ಆ ಹುಡುಗಿ ಮುಂದೆ ಡಿಜ್ಜಿ ಗಿಲೆಸ್ಪಿ, ಕ್ವಿನ್ಸಿ ಜೋನ್ಸ್, ರ‍್ಯಾಂಡಿ ವೆಸ್ಟನ್ ಮುಂತಾದ ಜಾಝ್ ಸಂಗೀತಗಾರರ ಜೊತೆ ನುಡಿಸಿದರು, ಅರೇಂಜರ್ ಆಗಿ, ಅಂದರೆ ಯಾವ ವಾದ್ಯ ಯಾವಾಗ ಏನು ನುಡಿಸಬೇಕೆಂದು ಗೊತ್ತುಮಾಡುವವರಾಗಿ, ಅವರಿಗಾಗಿ ನೂರಾರು ಪುಟ ಸಂಗೀತ ಬರೆದರು. ಆದರೂ ಅವರ ಸ್ವಂತ ಹೆಸರನ್ನು ಮುಖಪುಟದಲ್ಲಿ ಹೊತ್ತು ಬಂದ ಆಲ್ಬಂ ಒಂದೇ ಒಂದು. ಇದನ್ನು ಸಂಕೋಚದ ಸ್ವಭಾವಕ್ಕೆ ಕಟ್ಟಿ ಕೈತೊಳೆದುಕೊಂಡವರು ಅನೇಕರಿದ್ದಾರೆ. ಲಿಸ್ಟನ್ ಸಂಕೋಚದವರೇ ಆಗಿದ್ದರು, ನಿಜ. ಆದರೆ ಹೆಸರು ಹಿಂದೆ ಸರಿದದ್ದಕ್ಕೆ ಜಾಝ್ ಲೋಕ ಕೆಲಸವನ್ನು ಹಂಚಿಕೊಳ್ಳುತ್ತಿದ್ದ ರೀತಿ ಮತ್ತು ಅದಕ್ಕೆ ಹಣ ಕೊಡುತ್ತಿದ್ದ ರೀತಿ ಸ್ವಭಾವಕ್ಕಿಂತ ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಜಾಝ್‌ನಲ್ಲಿ ಟ್ರಂಬೋನ್ ಮೊದಲಿನಿಂದಲೂ ಹಿಂದಿನ ಸಾಲಿನ ವಾದ್ಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ಬಂಡಿಯ ಮೇಲೆ ಕುಳಿತು ನುಡಿಸುತ್ತ ಹೋಗುವಾಗ, ಸ್ಲೈಡ್ ಯಾರ ಬೆನ್ನಿಗೂ ತಗುಲದಿರಲೆಂದು ಟ್ರಂಬೋನ್ ನುಡಿಸುವವರನ್ನು ಬಂಡಿಯ ಹಿಂಬಾಗಿಲ ಬಳಿ ಕೂರಿಸುತ್ತಿದ್ದರು. ಸ್ವರದಿಂದ ಸ್ವರಕ್ಕೆ ಜಾರುತ್ತ ಹೋಗುವ ಕಿಡ್ ಓರಿಯಂಥವರ ಶೈಲಿಗೆ ‘ಟೇಲ್‌ಗೇಟ್’ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ನಮ್ಮ ವೀಣೆಯ ಜಾರು ಗಮಕವನ್ನು ಬಲ್ಲವರಿಗೆ ಆ ಶೈಲಿಯ ಸೊಗಸು ತಟ್ಟನೆ ಹಿಡಿಸುತ್ತದೆ. ಮುಂದೆ ಜ್ಯಾಕ್ ಟೀಗಾರ್ಡನ್ ಈ ವಾದ್ಯಕ್ಕೆ ಮಾತಿನ ಸರಾಗತೆಯನ್ನು ತಂದರು. 1940ರ ದಶಕದಲ್ಲಿ ಬೀಬಾಪ್ ಎಂಬ ಹೊಸ ಜಾಝ್ ಶೈಲಿಯ ವೇಗಕ್ಕೆ ಸ್ಲೈಡ್ ಒಗ್ಗುವುದೇ ಇಲ್ಲವೆಂದು ಎಲ್ಲರೂ ಅಂದುಕೊಂಡಿದ್ದಾಗ ಜೆ. ಜೆ. ಜಾನ್ಸನ್ ಅದನ್ನು ಸುಳ್ಳು ಮಾಡಿದರು. ಈ ಸಾಲಿನಲ್ಲಿ ಹೆಂಗಸರ ಹೆಸರು ಸಿಗುವುದು ವಿರಳ. ಹೆಣ್ಣಾದವಳು ಹಾಡಬಹುದು, ಪಿಯಾನೋ ಮುಂದೆ ಕೂರಬಹುದು, ಆದರೆ ಕೆನ್ನೆ ಉಬ್ಬಿಸಿ ಹಿತ್ತಾಳೆಯ ವಾದ್ಯ ಊದುವುದು ಅವಳಿಗೆ ಒಪ್ಪುವುದಿಲ್ಲ ಎಂಬ ನಂಬಿಕೆ ಅಮೆರಿಕದಲ್ಲೂ ಗಟ್ಟಿಯಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ‘ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್’ನಂಥ ಪೂರ್ತಿ ಮಹಿಳೆಯರದೇ ಬ್ಯಾಂಡುಗಳಿಗೆ ಬೇಡಿಕೆ ಬಂತು, ಯುದ್ಧ ಮುಗಿಯುತ್ತಲೇ ಬೇಡಿಕೆಯೂ ಇಳಿಯಿತು.

ಲಿಸ್ಟನ್ ಕುಟುಂಬ 1937ರಲ್ಲಿ ಲಾಸ್ ಏಂಜಲೀಸ್‌ಗೆ ಬಂದಿತ್ತು. ಅಲ್ಲಿ ಆಲ್ಮಾ ಹೈಟವರ್ ಎಂಬ ಶಿಕ್ಷಕಿ ಕಪ್ಪು ಮಕ್ಕಳ ಒಂದು ಬ್ಯಾಂಡ್ ನಡೆಸುತ್ತಿದ್ದರು. ಮೆಲ್ಬಾ ಅದರಲ್ಲಿ ಪಳಗಿದರು. ಹದಿನಾರನೆಯ ವಯಸ್ಸಿಗೆ ಲಿಂಕನ್ ಥಿಯೇಟರ್‌ನ ವಾದ್ಯವೃಂದದಲ್ಲಿ ಸಂಬಳದ ಕೆಲಸ ಸಿಕ್ಕಿತು. ಅಲ್ಲಿಗೆ ಬರುವ ಹಾಡುಗಾರರು, ನೃತ್ಯಗಾರರು ಹಲವರ ಬಳಿ ಬರೆದ ಸಂಗೀತವಿರುತ್ತಿರಲಿಲ್ಲ. ಅವರ ಹಾಡನ್ನು ಕೇಳಿಸಿಕೊಂಡು, ಯಾವ ವಾದ್ಯ ಯಾವಾಗ ಏನು ನುಡಿಸಬೇಕೆಂದು ಬರೆದುಕೊಡುವ ಕೆಲಸ ಮೆಲ್ಬಾ ಕೈಗೆ ಬಂತು. ಮುಂದಿನ ಐವತ್ತು ವರ್ಷಗಳ ಕಸುಬಿಗೆ ಪಾಠಶಾಲೆ ಆ ಥಿಯೇಟರಿನಲ್ಲಿ ವೇದಿಕೆಯ ಮುಂದೆ ವಾದ್ಯವೃಂದ ಕೂರುವ ತಗ್ಗೇ. ಆ ವೃಂದ ಮುಚ್ಚಿದ ಮೇಲೆ ಜೆರಾಲ್ಡ್ ವಿಲ್ಸನ್ ತಮ್ಮ ದೊಡ್ಡ ಬ್ಯಾಂಡಿಗೆ ಅವರನ್ನು ಸೇರಿಸಿಕೊಂಡರು, ನುಡಿಸುವುದರ ಜೊತೆಗೆ ಬರೆಯುವುದನ್ನೂ ತಿದ್ದಿ ಬೆಳೆಸಿದರು.

1947ರಲ್ಲಿ ಸ್ಯಾಕ್ಸೋಫೋನ್ ವಾದಕ ಡೆಕ್ಸ್ಟರ್ ಗಾರ್ಡನ್ ಡಯಲ್ ಕಂಪನಿಯ ಧ್ವನಿಮುದ್ರಣಕ್ಕೆ ಲಿಸ್ಟನ್‌ರನ್ನು ಕರೆದರು. ಬರೆದದ್ದನ್ನು ಎಷ್ಟು ಕಷ್ಟವಿದ್ದರೂ ನುಡಿಸುತ್ತಿದ್ದ ಆಕೆಗೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ಸೋಲೋ ಎಂದರೆ ಅಳುಕು. ಗಾರ್ಡನ್ ಬಿಡಲಿಲ್ಲ. ಅವತ್ತು ಮುದ್ರಣವಾದ ಒಂದು ರಚನೆಗೆ ಅವರು ಇಟ್ಟ ಹೆಸರು ‘ಮಿಸ್ಚೀವಸ್ ಲೇಡಿ’, ಅಂದರೆ ತುಂಟಿ. ಮಾತೇ ಆಡದ ಹುಡುಗಿಯನ್ನು ಹಾಗೆ ಛೇಡಿಸಿದ್ದು ಗೆಳೆತನದ ಸಲುಗೆ ಇರಬೇಕು.

ಆ ಹೊತ್ತಿಗೆ ದೊಡ್ಡ ಬ್ಯಾಂಡುಗಳ ಕಾಲ ಮುಗಿಯುತ್ತ ಬಂದಿತ್ತು. ಹದಿನಾರು ಹದಿನೇಳು ಜನರನ್ನು ಬಸ್ಸಿನಲ್ಲಿ ಊರೂರಿಗೆ ಕರೆದೊಯ್ಯುವ ಖರ್ಚನ್ನು ಟಿಕೆಟ್ ಮಾರಾಟ ತೂಗಿಸುತ್ತಿರಲಿಲ್ಲ. ವಿಲ್ಸನ್ ಬ್ಯಾಂಡ್ ಚದುರಿದಾಗ ಟ್ರಂಪೆಟ್ ವಾದಕ ಗಿಲೆಸ್ಪಿ ತಮ್ಮ ಬ್ಯಾಂಡಿಗೆ ಲಿಸ್ಟನ್‌ರನ್ನು ತೆಗೆದುಕೊಂಡರು. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಕೂಡ ಆ ಬ್ಯಾಂಡಿನಲ್ಲಿದ್ದರು. ಸ್ವಲ್ಪ ಕಾಲದಲ್ಲಿ ಅದೂ ನಿಂತಿತು. ಆಮೇಲೆ ಗಾಯಕಿ ಬಿಲಿ ಹಾಲಿಡೇ ಜೊತೆಗೆ ದಕ್ಷಿಣದ ರಾಜ್ಯಗಳಿಗೆ ಹೋದ ಪ್ರವಾಸದಲ್ಲಿ ಜನ ಸೇರಲಿಲ್ಲ, ಹಣ ಬತ್ತಿತು, ಕೊನೆಗೆ ತಂಡ ಸೌತ್ ಕೆರೊಲೈನಾದಲ್ಲಿ ದಾರಿ ಕಾಣದೆ ನಿಂತಿತು. ವರ್ಣಭೇದ ಕಾನೂನಾಗಿದ್ದ ಆ ಪ್ರದೇಶದಲ್ಲಿ ಕಪ್ಪು ಕಲಾವಿದರಿಗೆ ಊಟ ಸಿಗುವ ಹೋಟೆಲು, ಮಲಗಲು ಕೋಣೆ ಹುಡುಕುವುದೇ ಒಂದು ದಿನದ ಕೆಲಸ. ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿ ಪ್ರಯಾಣ ಮಾಡುವುದೆಂದರೆ ಅದಕ್ಕೂ ಮೀರಿದ ಅಪಾಯ. ಅಂಥ ದಾರಿಗಳಲ್ಲಿ ತಮ್ಮ ಮೇಲಾದ ಲೈಂಗಿಕ ಹಿಂಸೆಯ ಬಗ್ಗೆ ಲಿಸ್ಟನ್ ಮುಂದೆ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಜಾಝ್ ಇತಿಹಾಸಗಳು ರಸ್ತೆಯ ಬದುಕನ್ನು ರೋಮಾಂಚಕಾರಿಯಾಗಿ ಬಣ್ಣಿಸುವಾಗ ಈ ಮಾತು ಅವುಗಳಲ್ಲಿ ಬಹುಕಾಲ ಕಾಣಿಸಿಕೊಳ್ಳಲೇ ಇಲ್ಲ.

ಅವರು ಟ್ರಂಬೋನನ್ನು ಪೆಟ್ಟಿಗೆಯಲ್ಲಿಟ್ಟರು. ಲಾಸ್ ಏಂಜಲೀಸ್‌ನ ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತೆಯಾಗಿ ಕೆಲವು ವರ್ಷ ದುಡಿದರು. ನಡುನಡುವೆ ಹಾಲಿವುಡ್ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳು ಸಿಕ್ಕವು. 1955ರ ‘ದಿ ಪ್ರಾಡಿಗಲ್’ನಲ್ಲಿ ಹಾರ್ಪ್ ಹಿಡಿದು ಕಾಣಿಸಿಕೊಂಡರು, ಮರುವರ್ಷದ ‘ದಿ ಟೆನ್ ಕಮಾಂಡ್‌ಮೆಂಟ್ಸ್’ನಲ್ಲೂ ಇದ್ದರು.

1956ರಲ್ಲಿ ಗಿಲೆಸ್ಪಿ ಮತ್ತೆ ಕರೆ ಕಳಿಸಿದರು. ಶೀತಲ ಸಮರದ ಕಾಲ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ದೇಶದ ಪರವಾಗಿ ಜಾಝ್ ಬ್ಯಾಂಡುಗಳನ್ನು ಹೊರಗೆ ಕಳಿಸಲು ನಿರ್ಧರಿಸಿತ್ತು, ಮೊದಲ ಸರದಿ ಗಿಲೆಸ್ಪಿಯದು. ಇರಾನಿನ ಅಬಾದಾನ್‌ನಿಂದ ಆರಂಭವಾದ ಪ್ರವಾಸ ಢಾಕಾ, ಕರಾಚಿ, ಬೇರೂತ್, ಡಮಾಸ್ಕಸ್, ಅಂಕಾರಾ, ಬೆಲ್‌ಗ್ರೇಡ್, ಅಥೆನ್ಸ್‌ಗಳನ್ನು ಹಾದುಹೋಯಿತು, ಅದೇ ವರ್ಷ ದಕ್ಷಿಣ ಅಮೆರಿಕಕ್ಕೂ ಹೋಗಿಬಂತು. ತನ್ನೂರಿನ ಬಸ್ಸಿನಲ್ಲಿ ಬೇಕಾದ ಕಡೆ ಕೂರಲಾಗದ ಜನರನ್ನು ಸ್ವಾತಂತ್ರ್ಯದ ರಾಯಭಾರಿಗಳೆಂದು ಕಳಿಸಿದ ವಿಪರ್ಯಾಸ ಬ್ಯಾಂಡಿನಲ್ಲಿದ್ದ ಯಾರಿಗೂ ಮರೆತಿರಲಿಲ್ಲ. ಕ್ಯಾಲಿಫೋರ್ನಿಯಾದಿಂದ ಒಬ್ಬ ಹೆಂಗಸನ್ನು ಟ್ರಂಬೋನಿಗೆ ಕರೆಸಬೇಕಿತ್ತೇ ಎಂದು ಒಳಗೇ ಗೊಣಗಿದವರಿದ್ದರು. ಗಿಲೆಸ್ಪಿ ವಾದಕ್ಕೆ ಹೋಗದೆ, ಲಿಸ್ಟನ್ ಬರೆದು ತಂದ ಹಾಳೆಗಳನ್ನು ಹಂಚಲು ಹೇಳಿದರು. ಗೊಣಗಿದವರು ಮೊದಲ ಸಲಕ್ಕೆ ಅದನ್ನು ನುಡಿಸಲಾಗದೆ ಎಡವಿದರು. ಗೊಣಗು ಅಲ್ಲಿಗೆ ನಿಂತಿತು. ಆದರೂ ಬಸ್ಸಿನಲ್ಲಿ, ಹೋಟೆಲಿನಲ್ಲಿ ಸಹೋದ್ಯೋಗಿಗಳ ಅಂಗಿಗೆ ಗುಂಡಿ ಹೊಲಿದವರು, ಕೂದಲು ಕತ್ತರಿಸಿದವರು ಲಿಸ್ಟನ್ನೇ.

ಆ ಪ್ರವಾಸದ ಬ್ಯಾಂಡ್ ನುಡಿಸಿದ ‘ಮೈ ರೆವರಿ’ ಮುದ್ರಣವಾಗಿ ಉಳಿದಿದೆ. ಫ್ರೆಂಚ್ ಸಂಗೀತಗಾರ ಡೆಬುಸಿಯ ಪಿಯಾನೋ ರಚನೆಯಿಂದ ಬಂದ ಹಾಡು ಅದು. ಬ್ಯಾಂಡಿಗಾಗಿ ಬರೆದದ್ದೂ ಮುಂದೆ ನಿಂತು ನುಡಿಸಿದ್ದೂ ಲಿಸ್ಟನ್. ಸದ್ದು ಮೆತ್ತಗಿದೆ, ಅಗಲವಾಗಿದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಅವಸರವಿಲ್ಲ. ಅವರು ಅದೆಂಥ ವಾದಕಿ ಎಂದು ಕೇಳುವವರು ಅಲ್ಲಿಂದ ಶುರುಮಾಡಬಹುದು.

ಇಲ್ಲಿ ಅರೇಂಜರ್ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಚನಕಾರ ಕೊಡುವುದು ಬಹಳ ಸಲ ಒಂದು ರಾಗದ ಎಳೆ, ಅದರ ಕೆಳಗಿನ ಸ್ವರಮೇಳಗಳ ಸೂಚನೆ, ಅಷ್ಟೆ. ಅದನ್ನು ನಾಲ್ಕು ಟ್ರಂಪೆಟ್, ಮೂರು ಟ್ರಂಬೋನ್, ಐದು ಸ್ಯಾಕ್ಸೋಫೋನ್, ಪಿಯಾನೋ, ಬೇಸ್, ಡ್ರಮ್‌ಗಳಿಗೆ ಹಂಚಿ, ಎಲ್ಲಿ ಯಾವುದು ಮೌನವಾಗಿರಬೇಕು, ಎಲ್ಲಿ ಸೋಲೋಗೆ ಜಾಗ ಬಿಡಬೇಕು ಎಂದು ಲೆಕ್ಕಹಾಕಿ ಬರೆಯುವವರು ಅರೇಂಜರ್. ಆಮೇಲೆ ಪ್ರತಿ ವಾದಕನ ಹಾಳೆಯನ್ನೂ ಬೇರೆಬೇರೆಯಾಗಿ ಕೈಯಲ್ಲಿ ನಕಲು ತೆಗೆಯಬೇಕು. ಈ ಶ್ರಮ ಎಂಥದೆಂದು ತಿಳಿಯಲು 1962ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ನಡೆಸಿದ ಕುಖ್ಯಾತ ಕಛೇರಿಯನ್ನು ನೆನೆಯಬೇಕು: ಸಭಿಕರು ಬಂದು ಕುಳಿತಿದ್ದರೂ ಬರವಣಿಗೆ ಮುಗಿದಿರಲಿಲ್ಲ, ವೇದಿಕೆಯ ಮೇಲೆ ಮೇಜು ಹಾಕಿಕೊಂಡು ನಕಲುಗಾರರು ಬರೆಯುತ್ತಲೇ ಇದ್ದರು. ಆ ಸಂಗೀತವನ್ನು ಸಿದ್ಧಪಡಿಸಲು ಹೆಣಗಿದವರಲ್ಲಿ ಲಿಸ್ಟನ್ ಕೂಡ ಒಬ್ಬರು.

ಹಣದ ಲೆಕ್ಕ ಹೀಗಿತ್ತು. ರಾಯಧನ ರಚನಕಾರನಿಗೆ ಮತ್ತು ಪ್ರಕಾಶಕನಿಗೆ. ಅರೇಂಜರ್‌ಗೆ ಹಾಳೆ ಒಪ್ಪಿಸಿದಾಗ ಒಂದು ಸಲದ ಸಂಭಾವನೆ. ತಟ್ಟೆ ಲಕ್ಷ ಮಾರಾಟವಾದರೂ ಸಂಭಾವನೆ ಅಷ್ಟೇ. ಹೆಸರು ಮುದ್ರಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರಬಹುದು, ಬರದೆಯೂ ಹೋಗಬಹುದು. ನಮ್ಮ ಹಿಂದಿ ಚಿತ್ರಸಂಗೀತದಲ್ಲಿ ಆಂಟನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾರಂಥ ಗೋವಾದ ಅರೇಂಜರ್‌ಗಳ ಹೆಸರು ಸಂಗೀತ ನಿರ್ದೇಶಕರ ನೆರಳಿನಲ್ಲಿ ಉಳಿದುಹೋದದ್ದನ್ನು ಬಲ್ಲವರಿಗೆ ಇದು ಹೊಸತೆನಿಸದು. ಇದರ ಮೇಲೆ ಜಾಝ್ ಚರಿತ್ರೆಯನ್ನು ಬರೆದವರು ಮುಖಪುಟದ ಹೆಸರುಗಳನ್ನೂ ಸೋಲೋಗಳನ್ನೂ ಹಿಡಿದು ಬರೆದರು. ಮುಖಪುಟದಲ್ಲಿ ಒಂದೇ ಸಲ ಬಂದ, ಸೋಲೋಗೆ ಅಳುಕುತ್ತಿದ್ದ ವ್ಯಕ್ತಿ ಆ ಜರಡಿಯಲ್ಲಿ ಸೋರಿಹೋದದ್ದು ಆಶ್ಚರ್ಯವಲ್ಲ.

ಅವರ ಆ ಒಂದೇ ಆಲ್ಬಂ, ‘ಮೆಲ್ಬಾ ಲಿಸ್ಟನ್ ಆ್ಯಂಡ್ ಹರ್ ಬೋನ್ಸ್’, 1958ರ ಡಿಸೆಂಬರ್‌ನಲ್ಲಿ ಮುದ್ರಣವಾಯಿತು. ಜಿಮ್ಮಿ ಕ್ಲೀವ್‌ಲ್ಯಾಂಡ್, ಬೆನ್ನಿ ಗ್ರೀನ್, ಫ್ರ್ಯಾಂಕ್ ರೆಹಾಕ್‌ರಂಥ ಟ್ರಂಬೋನ್ ವಾದಕರನ್ನೇ ಗುಡ್ಡೆ ಹಾಕಿಕೊಂಡು ಮಾಡಿದ್ದು. 1959ರಲ್ಲಿ ಕ್ವಿನ್ಸಿ ಜೋನ್ಸ್ ಬ್ಯಾಂಡಿನೊಂದಿಗೆ ‘ಫ್ರೀ ಆ್ಯಂಡ್ ಈಸಿ’ ಎಂಬ ರಂಗಪ್ರಯೋಗಕ್ಕಾಗಿ ಯುರೋಪಿಗೆ ಹೋದರು. ಪ್ಯಾರಿಸ್‌ನಲ್ಲಿ ಪ್ರಯೋಗ ಮುಚ್ಚಿಹೋಗಿ, ಇಡೀ ಬ್ಯಾಂಡ್ ಕೆಲಸ ಹುಡುಕಿಕೊಂಡು ತಿಂಗಳುಗಟ್ಟಲೆ ಯುರೋಪ್ ಅಲೆಯಿತು. ಆ ಬ್ಯಾಂಡಿನಲ್ಲಿದ್ದ ಇನ್ನೊಬ್ಬ ಮಹಿಳೆ ಪಿಯಾನೋ ವಾದಕಿ ಪ್ಯಾಟಿ ಬೌನ್.

ಆದರೆ ಲಿಸ್ಟನ್ ಬರವಣಿಗೆಯ ಎತ್ತರವನ್ನು ಕಾಣಬೇಕಾದರೆ ಬ್ರೂಕ್ಲಿನ್‌ನ ಪಿಯಾನೋ ವಾದಕ ರ‍್ಯಾಂಡಿ ವೆಸ್ಟನ್ ಕಡೆಗೆ ತಿರುಗಬೇಕು. ವೆಸ್ಟನ್ ಆರಡಿಗೂ ಮೀರಿದ ಆಳು, ಪಿಯಾನೋದ ಎರಡು ತುದಿಗಳ ನಡುವೆ ದೊಡ್ಡ ಅಂಗೈಗಳನ್ನು ಹಾಯಿಸಿ ಆಫ್ರಿಕದ ನಗಾರಿಗಳ ಗತ್ತನ್ನು ಹುಡುಕುತ್ತಿದ್ದವರು. 1958ರಲ್ಲಿ ಅವರು ತಮ್ಮ ಮಕ್ಕಳ ಮೇಲೆ ಕಟ್ಟಿದ ರಚನೆಗಳ ‘ಲಿಟಲ್ ನೈಲ್ಸ್’ ಆಲ್ಬಂಗೆ ಲಿಸ್ಟನ್ ಬರೆದರು, ಟ್ರಂಬೋನನ್ನೂ ನುಡಿಸಿದರು. ಎರಡು ವರ್ಷದ ಮೇಲೆ ಬಂತು ‘ಉಹುರು ಆಫ್ರಿಕಾ’. ಉಹುರು ಎಂದರೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ಅದು 1960, ಒಂದೇ ವರ್ಷದಲ್ಲಿ ಆಫ್ರಿಕದ ಹದಿನೇಳು ದೇಶಗಳು ಸ್ವತಂತ್ರವಾದ ಕಾಲ. ಲ್ಯಾಂಗ್‌ಸ್ಟನ್ ಹ್ಯೂಸ್ ಕವಿತೆ ಬರೆದುಕೊಟ್ಟರು, ಅದನ್ನು ಇಂಗ್ಲಿಷ್ ಮತ್ತು ಸ್ವಾಹಿಲಿಯಲ್ಲಿ ಓದಲಾಯಿತು. ಅಮೆರಿಕದ ಡ್ರಮ್ಮರ್ ಮ್ಯಾಕ್ಸ್ ರೋಚ್, ನೈಜೀರಿಯಾದ ಒಲಾತುಂಜಿ, ಕ್ಯೂಬಾದ ಕ್ಯಾಂಡಿಡೋ ಒಂದೇ ಕೋಣೆಯಲ್ಲಿ ತಾಳ ಹಿಡಿದರು. ಇಷ್ಟೊಂದು ಚರ್ಮವಾದ್ಯಗಳ ಮೇಲೆ ದೊಡ್ಡ ಬ್ಯಾಂಡನ್ನು ಕೂರಿಸಿದರೆ ಗದ್ದಲವಾಗುವುದು ಸುಲಭ. ಲಿಸ್ಟನ್ ಹಿತ್ತಾಳೆಯ ವಾದ್ಯಗಳನ್ನು ತುಂಡುತುಂಡಾಗಿ, ತಾಳಗಳ ಸಂದಿನಲ್ಲಿ ಬರೆದರು. ಉಸಿರಾಡಲು ಜಾಗ ಬಿಟ್ಟರು. ವೆಸ್ಟನ್ನರ ಪಿಯಾನೋ ಮಧ್ಯೆ ಬಂದಾಗ ಅದು ಮುಳುಗುವುದಿಲ್ಲ. 1964ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕ ಸರ್ಕಾರ ಈ ಮುದ್ರಿಕೆಯನ್ನು ನಿಷೇಧಿಸಿತು. ಮುಖಪುಟದಲ್ಲಿದ್ದ ಹೆಸರು ವೆಸ್ಟನ್ನರದು. ಅವರು ಮಾತ್ರ ತಮ್ಮ ಸಂಗೀತದಲ್ಲಿ ಲಿಸ್ಟನ್ ಪಾಲೆಷ್ಟು ಎಂಬುದನ್ನು ಕೊನೆಯವರೆಗೂ ಹೇಳುತ್ತಲೇ ಇದ್ದರು.

ಅರವತ್ತರ ದಶಕ ಮಿಲ್ಟ್ ಜ್ಯಾಕ್ಸನ್, ಜಾನಿ ಗ್ರಿಫಿನ್, ಗ್ಲೋರಿಯಾ ಲಿನ್‌ರಿಗೆ, ಜೊತೆಗೆ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಗೆ ಬರೆಯುವುದರಲ್ಲಿ ಕಳೆಯಿತು. 1973ರಲ್ಲಿ ಜಮೈಕಾಕ್ಕೆ ಹೋಗಿ ಕಿಂಗ್‌ಸ್ಟನ್‌ನ ಸಂಗೀತ ಶಾಲೆಯಲ್ಲಿ ಆರು ವರ್ಷ ಪಾಠ ಹೇಳಿದರು. ಅಲ್ಲಿನ ‘ಸ್ಮೈಲ್ ಆರೆಂಜ್’ ಚಿತ್ರಕ್ಕೆ ಸಂಗೀತವನ್ನೂ ಕೊಟ್ಟರು. 1979ರಲ್ಲಿ ಹುಟ್ಟೂರು ಕಾನ್ಸಾಸ್ ಸಿಟಿಯ ಮಹಿಳಾ ಜಾಝ್ ಉತ್ಸವ ಅವರನ್ನು ಮರಳಿ ಕರೆಸಿತು, ಅದರ ಬೆನ್ನಿಗೇ ಅವರು ತಮ್ಮದೇ ಬ್ಯಾಂಡ್ ಕಟ್ಟಿದರು.

1985ರಲ್ಲಿ ಪಾರ್ಶ್ವವಾಯು ಹೊಡೆಯಿತು. ದೇಹದ ಒಂದು ಭಾಗ ಸ್ವಾಧೀನ ತಪ್ಪಿತು. ಬಾಲ್ಯದಲ್ಲಿ ಏಳನೆಯ ನೆಲೆಗೆ ಎಟುಕಲು ಹೆಣಗಿದ್ದ ತೋಳಿಗೆ ಇನ್ನು ಸ್ಲೈಡ್ ಹಿಡಿಯಲಾಗಲಿಲ್ಲ. ಎರಡು ವರ್ಷಗಳ ನಂತರ ಅಮೆರಿಕದ ರಾಷ್ಟ್ರೀಯ ಕಲಾ ದತ್ತಿ ‘ಜಾಝ್ ಮಾಸ್ಟರ್’ ಗೌರವ ಕೊಟ್ಟಿತು. ಗಾಲಿಕುರ್ಚಿಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಸ್ವರ ಬರೆಯುವುದನ್ನು ಕಲಿತ ಲಿಸ್ಟನ್, 1991ರಲ್ಲಿ ವೆಸ್ಟನ್ನರ ‘ದಿ ಸ್ಪಿರಿಟ್ಸ್ ಆಫ್ ಅವರ್ ಆ್ಯನ್ಸೆಸ್ಟರ್ಸ್’ ಎಂಬ ಎರಡು ತಟ್ಟೆಗಳ ಆಲ್ಬಂಗೆ ಬರೆದರು. ಅದರಲ್ಲಿ ಅತಿಥಿಯಾಗಿ ಬಂದು ಟ್ರಂಪೆಟ್ ಊದಿದವರು ಅದೇ ಡಿಜ್ಜಿ ಗಿಲೆಸ್ಪಿ. 1993ರ ‘ವಾಲ್ಕೇನೋ ಬ್ಲೂಸ್’ನ ಮುಖಪುಟದಲ್ಲಿ ವೆಸ್ಟನ್ ತಮ್ಮ ಹೆಸರಿನ ಪಕ್ಕದಲ್ಲೇ ಲಿಸ್ಟನ್ ಹೆಸರನ್ನೂ ಹಾಕಿಸಿದರು.

1999ರ ಏಪ್ರಿಲ್ 23ರಂದು ಲಿಸ್ಟನ್ ತೀರಿಕೊಂಡರು. ಅವರ ಹಸ್ತಪ್ರತಿಗಳು ಶಿಕಾಗೋದ ಕೊಲಂಬಿಯಾ ಕಾಲೇಜಿನ ಕಪ್ಪು ಸಂಗೀತ ಸಂಶೋಧನಾ ಕೇಂದ್ರಕ್ಕೆ ಸೇರಿದವು. 2014ರಲ್ಲಿ ಆ ಕೇಂದ್ರದ ಸಂಶೋಧನಾ ಪತ್ರಿಕೆ ಅವರ ಮೇಲೆ ಒಂದು ವಿಶೇಷ ಸಂಚಿಕೆಯನ್ನೇ ತಂದಿತು. ಮುದ್ರಿಕೆಯ ಹಿಂಬದಿಯಲ್ಲಿ ಹೆಸರು ಬಿಟ್ಟುಹೋದ ಕಡೆ ಯಾರು ಏನು ಬರೆದರು ಎಂಬುದನ್ನು ಈಗ ಆ ಪೆಟ್ಟಿಗೆಗಳಲ್ಲಿರುವ ಕೈಬರಹದ ಹಾಳೆಗಳಿಂದಲೇ ತಾಳೆ ನೋಡಬೇಕಾಗಿದೆ.